ಅಂಕ ಹಾಕುವವರೇ ಕೋಚ್ ಆಗಬಹುದೇ? ಕಚೇರಿಗೆ ಕೋಚಿಂಗ್ ಬಂದ ದಾರಿ

1960ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಉದ್ಯೋಗಿಗಳ ಕೆಲಸವನ್ನು ಅಳೆದು ಅಂಕ ಹಾಕುವ ತನ್ನ ವಾರ್ಷಿಕ ಅಪ್ರೈಸಲ್‌ನಿಂದ ನಿಜಕ್ಕೂ ಏನಾದರೂ ಪ್ರಯೋಜನವಿದೆಯೇ ಎಂದು ತಾನೇ ಅಧ್ಯಯನ ಮಾಡಿಸಿತು. ಹರ್ಬರ್ಟ್ ಮೇಯರ್, ಇಮ್ಯಾನ್ಯುಯೆಲ್ ಕೇ ಮತ್ತು ಜಾನ್ ಫ್ರೆಂಚ್ 1965ರಲ್ಲಿ ಪ್ರಕಟಿಸಿದ ಅದರ ಫಲಿತಾಂಶ ಎಚ್‌ಆರ್ ವಿಭಾಗಗಳಿಗೆ ಹಿತವಾಗುವಂಥದ್ದಾಗಿರಲಿಲ್ಲ. ಹೆಚ್ಚು ಟೀಕೆಗೆ ಗುರಿಯಾದವರು ವಾರಗಳು ಕಳೆದ ಮೇಲೂ ಕಡಿಮೆ ಸುಧಾರಿಸಿದ್ದರು. ಹೊಗಳಿಕೆಯಿಂದಲೂ ಹೇಳಿಕೊಳ್ಳುವಂಥ ಪರಿಣಾಮ ಆಗಿರಲಿಲ್ಲ. ಎದುರಿಗೆ ಕೂತವರ ಗಮನವೆಲ್ಲ ತಮ್ಮನ್ನು ಸಮರ್ಥಿಸಿಕೊಳ್ಳುವುದಕ್ಕೇ ಹೋಗುತ್ತಿತ್ತು. ಸಂಶೋಧಕರ ಸಲಹೆ ನೇರವಾಗಿತ್ತು: ಕೋಚಿಂಗ್, ಅಂದರೆ ಕೆಲಸ ಸುಧಾರಿಸಿಕೊಳ್ಳಲು ನೆರವಾಗುವುದು, ದಿನನಿತ್ಯದ ಕೆಲಸದಲ್ಲೇ ನಡೆಯಲಿ, ವರ್ಷಕ್ಕೊಮ್ಮೆ ಅಲ್ಲ, ಸಂಬಳ, ಬಡ್ತಿಯ ಮಾತು ಬೇರೆಯೇ ದಿನ ಆಗಲಿ. ಒಂದೇ ಮಾತುಕತೆಯಲ್ಲಿ ಮ್ಯಾನೇಜರ್ ತಿದ್ದುವವರೂ ತೀರ್ಪು ಕೊಡುವವರೂ ಆಗಲು ಹೊರಟರೆ ಎರಡೂ ಕೆಡುತ್ತವೆ.

ಅದೇ ಕಂಪನಿ ಮುಂದೆ ಸಿಇಒ ಜ್ಯಾಕ್ ವೆಲ್ಚ್ ಅವರ ಕಾಲದಲ್ಲಿ ಬೇರೊಂದು ಪದ್ಧತಿಗೆ ಹೆಸರಾಯಿತು. ಉದ್ಯೋಗಿಗಳನ್ನು ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಎಂದು ವಿಂಗಡಿಸಿ, ಕೆಳಗಿನವರಿಗೆ ಸಾಮಾನ್ಯವಾಗಿ ಬಾಗಿಲು ತೋರಿಸುವ ಪದ್ಧತಿ ಅದು. ಅನೇಕ ಕಂಪನಿಗಳು ಅದನ್ನು ಅನುಕರಿಸಿದವು. 1965ರ ಸಲಹೆ ಮೂಲೆ ಸೇರಿತು.

ಸಹಕಾರದಿಂದ ಕೆಲಸ ಮಾಡುವ, ಬದಲಾವಣೆಗೆ ಬೇಗ ಹೊಂದಿಕೊಳ್ಳುವ ನಾಯಕರು ಬೇಕು, ಅದಕ್ಕಾಗಿ ಕೋಚಿಂಗ್ ಸಂಸ್ಕೃತಿ ಕಟ್ಟುತ್ತೇವೆ ಎಂದು ಇವತ್ತು ಹೇಳದ ದೊಡ್ಡ ಕಂಪನಿ ಸಿಗುವುದು ಕಷ್ಟ. ತರಬೇತಿ ಏರ್ಪಡಿಸುತ್ತಾರೆ, ಕೋಚ್‌ಗಳನ್ನು ಕರೆಸುತ್ತಾರೆ. ಆದರೆ ತಿದ್ದುವವರೇ ತೀರ್ಪು ಕೊಡುವವರೂ ಆಗಿರುವ ಗಂಟನ್ನು ಬಿಡಿಸದೆ ಎಷ್ಟು ತರಬೇತಿ ಕೊಟ್ಟರೂ ಅದು ನಿಲ್ಲುವುದಿಲ್ಲ ಎಂಬುದು, ಈ ವಿಷಯದ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಬಲವಾಗಿರುವ ನಂಬಿಕೆ.

ಗಂಟು ಬಿದ್ದದ್ದು ಬಹಳ ಹಿಂದೆ. 1911ರಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ವೈಜ್ಞಾನಿಕ ನಿರ್ವಹಣೆಯ ತತ್ವಗಳನ್ನು ಮಂಡಿಸಿದಾಗ ಯೋಚಿಸುವ ಕೆಲಸ ಆಡಳಿತದ ಪಾಲಿಗೆ, ಮಾಡುವ ಕೆಲಸ ಕಾರ್ಮಿಕರ ಪಾಲಿಗೆ ಬಂತು. ಕೆಲಸದ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದು, ಮಾಡುವ ಅತ್ಯುತ್ತಮ ವಿಧಾನ ಇದೊಂದೇ ಎಂದು ನಿಗದಿ ಮಾಡುವ ವ್ಯವಸ್ಥೆಯದು. ಅಲ್ಲಿ ಕೆಳಗಿನವರನ್ನು ಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದು ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಗೊತ್ತಾಯಿತು. 1924ರಲ್ಲಿ ಶುರುವಾದ ಅಲ್ಲಿನ ಪ್ರಯೋಗಗಳೆಂದರೆ ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆಯೇ ಎಂಬ ಭಾಗವನ್ನಷ್ಟೇ ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1928ರಿಂದ 1930ರವರೆಗೆ ನಡೆದ ಸಂದರ್ಶನಗಳು. 20 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮಾತನಾಡಿಸಲಾಯಿತು. ಮೊದಮೊದಲು ಸಂದರ್ಶಕರು ಸಿದ್ಧ ಪ್ರಶ್ನೆಗಳ ಪಟ್ಟಿ ಹಿಡಿದು ಕೂರುತ್ತಿದ್ದರು. ಕಾರ್ಮಿಕರು ಉತ್ತರ ಹೇಳುತ್ತಾ ಹೇಳುತ್ತಾ ಬೇರೆಲ್ಲಿಗೋ ಹೋಗಿಬಿಡುತ್ತಿದ್ದರು. ಹೀಗೆ ದಾರಿ ತಪ್ಪಿದ ಕಡೆಯೇ ಅವರಿಗೆ ಮುಖ್ಯವಾದ ಸಂಗತಿ ಇದೆ ಎಂದು ಅರಿವಾದ ಮೇಲೆ ಪಟ್ಟಿಯನ್ನು ಬದಿಗಿಟ್ಟು, ಅಡ್ಡಬಾಯಿ ಹಾಕದೆ ಕೇಳಿಸಿಕೊಳ್ಳುವ ಕ್ರಮ ಬಂತು. ಅದೇ ಕಾರ್ಖಾನೆಯಲ್ಲಿ ಮುಂದೆ ಕೌನ್ಸೆಲರ್‌ಗಳನ್ನೂ ನೇಮಿಸಿದರು. ಆದರೆ ಕೇಳಿಸಿಕೊಂಡದ್ದರ ಮೇಲೆ ಏನಾದರೂ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಕೆಲಸದ ರೀತಿ ಇದ್ದ ಹಾಗೇ ಉಳಿಯಿತು. ಕಿವಿಗೊಡುವುದನ್ನು ಒಂದು ವಿಭಾಗಕ್ಕೆ ವಹಿಸಿ, ನಿರ್ಧಾರ ಮಾಡುವವರು ಕೈತೊಳೆದುಕೊಳ್ಳುವ ಅಭ್ಯಾಸಕ್ಕೆ ಅಷ್ಟು ವಯಸ್ಸಾಗಿದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡಗ್ಲಸ್ ಮೆಕ್‌ಗ್ರೆಗರ್ ಈ ಮಾತನ್ನು ಆಡಳಿತದ ಮುಂದೆಯೇ ಇಟ್ಟರು. ಇನ್ನೊಬ್ಬರ ಯೋಗ್ಯತೆಯನ್ನು ಅಳೆಯಲು ಕೂತಾಗ ಮ್ಯಾನೇಜರ್‌ಗಳಿಗೇ ಕಸಿವಿಸಿಯಾಗುತ್ತದೆ, ಅದು ಕೌಶಲದ ಕೊರತೆಯಿಂದಲ್ಲ, ಪದ್ಧತಿಯೇ ಸರಿಯಿಲ್ಲದ್ದರಿಂದ ಎಂದು 1957ರಲ್ಲೇ ಬರೆದರು. ಜನ ಸ್ವಭಾವತಃ ಮೈಗಳ್ಳರು ಎಂದು ನಂಬುವ ಆಡಳಿತವನ್ನೂ, ಹೊಣೆ ಕೊಟ್ಟರೆ ಹೊರುತ್ತಾರೆ ಎಂದು ನಂಬುವ ಆಡಳಿತವನ್ನೂ ಬೇರ್ಪಡಿಸಿ ತೋರಿಸಿದ ಅವರ ಎಕ್ಸ್ ಮತ್ತು ವೈ ಸಿದ್ಧಾಂತ 1960ರದು.

ತತ್ವ ಸಿಕ್ಕಿತ್ತು, ವಿಧಾನ ಸಿಕ್ಕಿರಲಿಲ್ಲ. ಅದು ಬಂದದ್ದು ಟೆನಿಸ್ ಕೋರ್ಟಿನಿಂದ. 1970ರ ದಶಕದಲ್ಲಿ ಟೆನಿಸ್ ಕಲಿಸುತ್ತಿದ್ದ ಟಿಮತಿ ಗ್ಯಾಲ್ವೇ, ಮೊಣಕೈ ಹೀಗಿಡು, ಮಂಡಿ ಬಗ್ಗಿಸು ಎಂಬ ಸೂಚನೆಗಳನ್ನು ಕಡಿಮೆ ಮಾಡಿದಷ್ಟೂ ಶಿಷ್ಯರು ಬೇಗ ಕಲಿಯುತ್ತಿದ್ದುದನ್ನು ಕಂಡರು. ಅವರ ಪ್ರಸಿದ್ಧ ಅಭ್ಯಾಸ ಬಹಳ ಸರಳ: ಚೆಂಡು ನೆಲಕ್ಕೆ ಬಡಿದ ಕ್ಷಣ ‘ಬೌನ್ಸ್’ ಎನ್ನಬೇಕು, ರ‍್ಯಾಕೆಟ್ಟಿಗೆ ತಾಗಿದ ಕ್ಷಣ ‘ಹಿಟ್’ ಎನ್ನಬೇಕು. ಅಷ್ಟೇ. ಸರಿಯಾಗಿ ಹೊಡೆದೆನೋ ಇಲ್ಲವೋ ಎಂಬ ಚಿಂತೆಗೆ ತಲೆಯಲ್ಲಿ ಜಾಗವೇ ಉಳಿಯದೆ, ಕಣ್ಣು ಚೆಂಡಿನ ಮೇಲೆ ನೆಡುತ್ತದೆ. ಹೊಡೆತ ತಾನಾಗಿಯೇ ಸುಧಾರಿಸುತ್ತದೆ. ಸೂಚನೆ ಕೊಡುವ ಬದಲು ಗಮನವನ್ನು ಸರಿಯಾದ ಕಡೆ ತಿರುಗಿಸುವುದೇ ಕೋಚ್ ಕೆಲಸ ಎಂಬ ಈ ಅರಿವನ್ನು ಬ್ರಿಟನ್ನಿನ ಮಾಜಿ ಕಾರ್ ರೇಸ್ ಚಾಲಕ ಜಾನ್ ವಿಟ್‌ಮೋರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಚೇರಿಗಳಿಗೆ ತಂದರು. ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿಗಳಿವೆ, ಯಾವುದನ್ನು ಮಾಡುತ್ತೀರಿ ಎಂಬ ನಾಲ್ಕು ಹಂತಗಳ ‘ಗ್ರೋ’ ಮಾದರಿ ಆಗ ರೂಪುಗೊಂಡದ್ದು. ಈಗಲೂ ಹೆಚ್ಚಿನ ತರಬೇತಿಗಳಲ್ಲಿ ಮೊದಲು ಕಲಿಸುವುದು ಇದನ್ನೇ.

1995ರಲ್ಲಿ ಅಂತರರಾಷ್ಟ್ರೀಯ ಕೋಚ್‌ಗಳ ಒಕ್ಕೂಟ ಐಸಿಎಫ್ ಹುಟ್ಟಿತು. ಕೋಚಿಂಗ್ ಒಂದು ವೃತ್ತಿಯಾಯಿತು, ಪ್ರಮಾಣಪತ್ರಗಳು ಬಂದವು. ಆದರೆ ಕಂಪನಿಯೊಳಗೆ ಅದು ಹೆಚ್ಚಾಗಿ ಇಬ್ಬರಿಗೆ ಸಿಗುತ್ತಿತ್ತು: ಮೇಲಕ್ಕೆ ಹೋಗಲಿರುವವರಿಗೆ ಬಹುಮಾನವಾಗಿ, ತಂಡದೊಂದಿಗೆ ಹೊಂದಿಕೊಳ್ಳದವರಿಗೆ ರಿಪೇರಿಯಾಗಿ. ಮುಚ್ಚಿದ ಕೋಣೆಯಲ್ಲಿ ಬದಲಾದ ನಾಯಕರು ಸೋಮವಾರ ಅದೇ ಹಳೆಯ ಮೀಟಿಂಗಿಗೇ ವಾಪಸಾಗುತ್ತಿದ್ದರು.

ಕೋಚಿಂಗ್ ಪರವಾಗಿ ಪದೇ ಪದೇ ಉಲ್ಲೇಖವಾಗುವ ಒಂದು ಅಂಕಿ ಇದೆ. ತರಬೇತಿಯಿಂದ ಶೇ 22.4ರಷ್ಟು ಏರಿದ ಉತ್ಪಾದಕತೆ, ಅದರ ಜತೆ ಕೋಚಿಂಗ್ ಸೇರಿದಾಗ ಶೇ 88ರಷ್ಟು ಏರಿತು ಎಂಬುದು. 1997ರ ಆ ಅಧ್ಯಯನ ನಡೆದದ್ದು ಒಂದೇ ಸರ್ಕಾರಿ ಸಂಸ್ಥೆಯ 31 ಮ್ಯಾನೇಜರ್‌ಗಳ ಮೇಲೆ. ಕೋಚಿಂಗ್‌ನಿಂದ ಉಪಯೋಗವಿದೆ ಎಂದು ನಂತರದ ಸಂಶೋಧನೆಗಳೂ ಹೇಳುತ್ತವೆ, ಆದರೆ ಆ ಒಂದು ಅಂಕಿಯನ್ನು ನಂಬಿ ಬಜೆಟ್ ಮಾಡಬಾರದು. ಅದಕ್ಕಿಂತ ತೂಕದ ಕೆಲಸ ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಆ್ಯಂಜೆಲೊ ಡೆನಿಸಿ ಅವರದು. ಅನೇಕ ದಶಕಗಳ ಫೀಡ್‌ಬ್ಯಾಕ್ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಅವರು, ಫೀಡ್‌ಬ್ಯಾಕ್ ಸರಾಸರಿಯಲ್ಲಿ ಉಪಯುಕ್ತವೇ ಆದರೂ ಮೂರನೇ ಒಂದಕ್ಕಿಂತ ಹೆಚ್ಚು ಸಲ ಕೆಲಸವನ್ನು ಹದಗೆಡಿಸಿದೆ ಎಂದು 1996ರಲ್ಲಿ ತೋರಿಸಿದರು. ಗಮನ ಕೆಲಸದಿಂದ ಸರಿದು ವ್ಯಕ್ತಿಯ ಮೇಲೆ ಹೋದಂತೆಲ್ಲ ಫಲ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಸಾಫ್ಟ್‌ವೇರ್ ತಜ್ಞರು ಸಣ್ಣ ಸಣ್ಣ ಹಂತಗಳಲ್ಲಿ ಕೆಲಸ ಮುಗಿಸುತ್ತಾ ಬದಲಾವಣೆಗೆ ಹೊಂದಿಕೊಳ್ಳುವ ‘ಅಜೈಲ್’ ವಿಧಾನದ ಘೋಷಣೆ ಹೊರಡಿಸಿದ ಮೇಲೆ ಒತ್ತಡ ಬೇರೆ ದಿಕ್ಕಿನಿಂದ ಬಂತು. ಎರಡು ವಾರಕ್ಕೊಮ್ಮೆ ಕೆಲಸ ಮುಗಿಸಿ ತೋರಿಸುವ ತಂಡಕ್ಕೆ ವರ್ಷದ ಕೊನೆಯ ಅಪ್ರೈಸಲ್ ಏನು ಕಲಿಸೀತು? ತಂಡವೇ ನಿರ್ಧರಿಸಬೇಕೆಂದರೆ, ಅದಕ್ಕೆ ಉತ್ತರ ಕೊಡುವ ಮ್ಯಾನೇಜರ್‌ಗಿಂತ ಯೋಚಿಸಲು ಅನುವು ಮಾಡಿಕೊಡುವ ಮ್ಯಾನೇಜರ್ ಬೇಕು. ಹಲವೆಡೆ ಹುದ್ದೆಯ ಹೆಸರಷ್ಟೇ ಬದಲಾಯಿತು ಎಂಬುದೂ ನಿಜ. ತಂಡ ನಿಂತುಕೊಂಡೇ ನಡೆಸುವ ಬೆಳಗಿನ ಹದಿನೈದು ನಿಮಿಷದ ಮಾತುಕತೆ ‘ಸ್ಟ್ಯಾಂಡ್‌ಅಪ್’ ಮೇಲಿನವರಿಗೆ ಹಾಜರಿ ಹೇಳುವ ಮೀಟಿಂಗ್ ಆಗಿಬಿಟ್ಟಿತು.

ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಒಂದು ರಿವ್ಯೂ ಊಹಿಸಿಕೊಳ್ಳಿ. ಕೆಲಸ ತಡವಾಗಿದೆ. ‘ಯಾಕೆ ತಡವಾಯ್ತು?’ ಎಂದರೆ ಬರುವುದು ಸಮಜಾಯಿಷಿ. ‘ಎಲ್ಲಿಗೆ ಬಂದು ನಿಂತಿದೆ? ನೀವು ಈಗಾಗಲೇ ಏನೇನು ಮಾಡಿ ನೋಡಿದಿರಿ?’ ಎಂದರೆ ಕೆಲಸದ ಸ್ಥಿತಿ ಹೊರಬರುತ್ತದೆ. ಇನ್ನೂ ಒಂದಿದೆ: ‘ನೀವು ಹೀಗೆ ಮಾಡಬಹುದಿತ್ತಲ್ವಾ?’ ಪ್ರಶ್ನೆಯ ವೇಷದ ಆದೇಶ ಇದು. ತರಬೇತಿ ಮುಗಿಸಿ ಬಂದ ಮ್ಯಾನೇಜರ್‌ಗಳು ಹೆಚ್ಚು ಎಡವುವುದು ಇಲ್ಲೇ. ಕೇಳಿಸಿಕೊಂಡವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಮುಂದಿನ ಸಲದಿಂದ ಅವರು ಮನಸ್ಸು ಬಿಚ್ಚುವುದಿಲ್ಲ.

ಗೂಗಲ್ 2008ರ ಸುಮಾರಿಗೆ ಮ್ಯಾನೇಜರ್‌ಗಳಿಂದ ನಿಜವಾಗಿ ವ್ಯತ್ಯಾಸವಾಗುತ್ತದೆಯೇ ಎಂದು ತನ್ನದೇ ಮಾಹಿತಿ ಜಾಲಾಡಿದಾಗ, ಉತ್ತಮ ಮ್ಯಾನೇಜರ್‌ಗಳ ಎಂಟು ಗುಣಗಳಲ್ಲಿ ‘ಒಳ್ಳೆಯ ಕೋಚ್’ ಮೊದಲ ಸ್ಥಾನದಲ್ಲಿತ್ತು, ತಾಂತ್ರಿಕ ಪರಿಣತಿ ಕೊನೆಯಲ್ಲಿ. ಅಡೋಬಿ 2012ರಲ್ಲಿ ವಾರ್ಷಿಕ ಅಪ್ರೈಸಲ್ ಕೈಬಿಟ್ಟು ವರ್ಷವಿಡೀ ಮಾತುಕತೆ ನಡೆಸುವ ‘ಚೆಕ್-ಇನ್’ ತಂದಿತು. ಮೈಕ್ರೊಸಾಫ್ಟ್ 2013ರ ನವೆಂಬರ್‌ನಲ್ಲಿ ಸಹೋದ್ಯೋಗಿಗಳನ್ನೇ ಪರಸ್ಪರ ಪೈಪೋಟಿಗೆ ಹಚ್ಚುತ್ತಿದ್ದ, ಎಲ್ಲರನ್ನೂ ಮೇಲೆ ಕೆಳಗೆ ಎಂದು ಶ್ರೇಣಿಗೆ ಹಾಕುವ ಸ್ಟ್ಯಾಕ್ ರ‍್ಯಾಂಕಿಂಗ್ ತೆಗೆಯಿತು. ಮರುವರ್ಷ ಸಿಇಒ ಆದ ಸತ್ಯ ನಾದೆಲ್ಲಾ ಕಲಿಕೆಯ ಮನೋಭಾವದ ಬಗ್ಗೆ ಮಾತನಾಡತೊಡಗಿದಾಗ ಅದು ನಾಟಲು ನೆಲ ಸ್ವಲ್ಪವಾದರೂ ಹದವಾಗಿತ್ತು. ಪದ್ಧತಿ ಮೊದಲು ಬದಲಾಯಿತು, ಭಾಷಣ ನಂತರ ಬಂತು. ಈ ಅನುಕ್ರಮ ನನಗೆ ಬಹಳ ಮುಖ್ಯವೆನಿಸುತ್ತದೆ.

ಆದರೂ ರೇಟಿಂಗ್ ಹೋದ ಕಡೆಯಲ್ಲೂ ಸಂಬಳ ಏರಿಕೆ ನಿರ್ಧರಿಸುವವರು ಸಾಮಾನ್ಯವಾಗಿ ಅದೇ ಮ್ಯಾನೇಜರ್. ತನ್ನ ದೌರ್ಬಲ್ಯವನ್ನು ಅವರ ಮುಂದೆ ಯಾರು ತೆರೆದಿಡುತ್ತಾರೆ? ಹೊರಗಿನ ಕೋಚ್ ಬಂದರೆ ಆ ಭಯ ಕಡಿಮೆ, ಆದರೆ ಹಣ ಕೊಡುವುದು ಕಂಪನಿ. ಯಾವ ಮಾತು ಕಂಪನಿಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ ಎಂಬುದು ಮೊದಲೇ ಬರಹದಲ್ಲಿ ಇತ್ಯರ್ಥವಾಗಬೇಕು.

ಇದಕ್ಕೆ ಇನ್ನೊಂದು ದಾರಿಯನ್ನು ಬ್ರಿಟನ್ನಿನ ರೆಗ್ ರೆವನ್ಸ್ 1940ರ ದಶಕದಲ್ಲೇ ತೋರಿಸಿದ್ದರು. ಭೌತವಿಜ್ಞಾನಿಯಾಗಿದ್ದ ಅವರು ಕಲ್ಲಿದ್ದಲು ಉದ್ಯಮದಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದಾಗ, ಗಣಿಗಳ ಮ್ಯಾನೇಜರ್‌ಗಳನ್ನು ತಜ್ಞರ ಉಪನ್ಯಾಸಕ್ಕೆ ಕೂರಿಸುವ ಬದಲು ಸಣ್ಣ ಗುಂಪುಗಳಲ್ಲಿ ಸೇರಿಸಿ, ತಮ್ಮ ಗಣಿಯ ನಿಜವಾದ ತೊಂದರೆಗಳನ್ನು ಪರಸ್ಪರರ ಮುಂದಿಡುವಂತೆ ಮಾಡಿದರು. ಅಂಥ ಗುಂಪಿನಲ್ಲಿ ಯಾರೂ ಯಾರ ಬಡ್ತಿಯನ್ನೂ ನಿರ್ಧರಿಸುವುದಿಲ್ಲ, ಯಾರ ಬಳಿಯೂ ಸಿದ್ಧ ಉತ್ತರ ಇರುವುದಿಲ್ಲ, ಕೇಳುವುದೊಂದೇ ಉಳಿದಿರುತ್ತದೆ. ಬೇರೆ ಬೇರೆ ವಿಭಾಗಗಳ ಐದಾರು ಮ್ಯಾನೇಜರ್‌ಗಳು ತಿಂಗಳಿಗೊಮ್ಮೆ ಹೀಗೆ ಕೂರಲು ದೊಡ್ಡ ಬಜೆಟ್ ಬೇಕಿಲ್ಲ. ಅವರ ಮೇಲಿನವರು ಆ ಕೋಣೆಯಲ್ಲಿ ಏನು ಮಾತಾಯಿತು ಎಂದು ವಿಚಾರಿಸದಿದ್ದರೆ ಸಾಕು.