ದಕ್ಕೆ, ಧಕ್ಕೆ, ಭಾವುಚಾ ಧಕ್ಕಾ

ಮುಂಬಯಿಯ ನಿತ್ಯ ಪ್ರಯಾಣಿಕರಿಗೆ ಹೊಸ ಫೆರ್ರಿ ಬರಲಿದೆ ಎಂಬ ಸುದ್ದಿ ಬಂದಾಗಲೆಲ್ಲ ಇಲ್ಲಿನ ಕನ್ನಡ ಬರವಣಿಗೆಯಲ್ಲಿ ಒಂದು ಪದಕ್ಕೆ ಏಟು ಬೀಳುತ್ತದೆ. ಮೊನ್ನೆ ಕೈಗೆ ಬಂದ ಒಂದು ಸಂಘದ ಪತ್ರಿಕೆಯಲ್ಲಿ ‘ಹೊಸ ಫೆರ್ರಿಗೆ ನಾಲ್ಕು ಕಡೆ ಧಕ್ಕೆ’ ಎಂಬ ತಲೆಬರಹವಿತ್ತು. ಯೋಜನೆ ನಾಲ್ಕು ಕಡೆ ಎಡವಿತೇನೋ ಎಂದುಕೊಂಡು ಓದಿದರೆ, ಲಾಂಚ್ ನಿಲ್ಲಲು ನಾಲ್ಕು ಕಡೆ ಕಟ್ಟೆ ಕಟ್ಟುತ್ತಾರೆಂಬ ಸಂತೋಷದ ಸುದ್ದಿ ಅದು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅದೇ ಕಟ್ಟೆಗಳು ‘ಬಂದರು’ಗಳಾಗಿದ್ದವು, ಕೊನೆಯಲ್ಲಿ ‘ಜೆಟ್ಟಿ’ಗಳಾಗಿದ್ದವು. ಮಂಗಳೂರು, ಮಲ್ಪೆಗಳ ಕಡೆಯಿಂದ ಬಂದವರು ಇಷ್ಟೊಂದು ಸಂಖ್ಯೆಯಲ್ಲಿರುವ ಊರಿನಲ್ಲಿ, ದೋಣಿ ನಿಲ್ಲುವ ಕಟ್ಟೆಗೆ ಅವರೇ ಹೇಳುವ ‘ದಕ್ಕೆ’ ಎಂಬ ಪದವನ್ನು ಹೀಗೆ ಕಳೆದುಕೊಳ್ಳಬೇಕಾಗಿರಲಿಲ್ಲ.

ಮರಾಠಿಯ ‘ಧಕ್ಕಾ’ ಎಂಬುದಕ್ಕೆ ನೂಕು, ತಳ್ಳು ಎಂಬ ಅರ್ಥವಿದೆ. ಪೆಟ್ಟು, ನಷ್ಟ ಎಂಬ ಅರ್ಥವೂ ಇದೆ. ದೋಣಿ ತಾಗಿ ನಿಲ್ಲುವ ಕಟ್ಟೆ ಎಂಬ ಅರ್ಥವೂ ಅದೇ ಶಬ್ದಕ್ಕೆ ಇದೆ. ದೋಣಿಯ ಮೈ ಬಂದು ಬಡಿಯುವ ಜಾಗವಾದ್ದರಿಂದ ಈ ಅರ್ಥ ಹುಟ್ಟಿರಬೇಕೆಂದು ನನ್ನ ಊಹೆ. ಗೌರವಕ್ಕೆ, ಭಾವನೆಗಳಿಗೆ, ಸಾರ್ವಜನಿಕ ಆಸ್ತಿಗೆ ಬರುವ ನಮ್ಮ ‘ಧಕ್ಕೆ’ ಇದರ ನಷ್ಟದ ಅರ್ಥವನ್ನು ಹೊತ್ತುಕೊಂಡು ನಾಡಿಗೆಲ್ಲ ಹರಡಿತು. ಕಟ್ಟೆಯ ಅರ್ಥ ಕರಾವಳಿಯಲ್ಲೇ ಉಳಿಯಿತು. ತುಳುವರ ನಾಲಗೆ ಮಹಾಪ್ರಾಣವನ್ನು ಸಾಕುವುದಿಲ್ಲವಾದ್ದರಿಂದ ಅಲ್ಲಿ ಅದು ‘ದಕ್ಕೆ’ಯಾಯಿತು. ಮಂಗಳೂರಿನ ಮೀನುಗಾರಿಕಾ ದಕ್ಕೆಯನ್ನು ಪತ್ರಿಕೆಗಳು ‘ಧಕ್ಕೆ’ ಎಂದೂ ಅಚ್ಚು ಹಾಕುತ್ತವೆ, ಮೂಲವನ್ನು ನೋಡಿದರೆ ಅದು ತಪ್ಪೆನ್ನಲಾಗದು. ಆದರೆ ಹಾನಿಗೂ ಕಟ್ಟೆಗೂ ಬೇರೆ ಬೇರೆ ಕಾಗುಣಿತವನ್ನು ಜನರ ಬಾಯಿಯೇ ಒದಗಿಸಿಕೊಟ್ಟಿರುವಾಗ ಅದನ್ನು ಒಲ್ಲೆನ್ನುವ ಶುದ್ಧಿಯಿಂದ ಯಾರಿಗೂ ಉಪಕಾರವಿಲ್ಲ.

‘ಮೀನು ದಕ್ಕುವ ಜಾಗವೇ ದಕ್ಕೆ’ ಎಂಬ ವ್ಯುತ್ಪತ್ತಿಯನ್ನು ಸಭೆಗಳಲ್ಲಿ ಚಪ್ಪಾಳೆಯ ನಡುವೆ ಕೇಳಿದ್ದೇನೆ. ದಕ್ಕು ಎಂಬ ಕ್ರಿಯಾಪದ ಅಚ್ಚಗನ್ನಡದ್ದೇ, ಸಂದೇಹವಿಲ್ಲ. ಆದರೆ ಮೀನು ದಕ್ಕುವುದು ಕಡಲಿನಲ್ಲಿ, ದಕ್ಕೆಯಲ್ಲಿ ನಡೆಯುವುದು ಏಲಂ. ಮೀನಿನ ವಾಸನೆಯೇ ಇಲ್ಲದ, ಜನರಷ್ಟೇ ಹತ್ತಿ ಇಳಿಯುವ ಧಕ್ಕಾಗಳು ಕೊಂಕಣದ ತೀರದಲ್ಲಿ ಹಲವಿವೆ. ಪಡುಬಿದ್ರಿಯಲ್ಲಿ ನಡೆಯುವ ಡಕ್ಕೆಬಲಿ ಎಂಬ ಆರಾಧನೆಯ ‘ಡಕ್ಕೆ’ ಬೇರೆಯೇ ಶಬ್ದ, ಅದು ವಾದ್ಯ. ಅದನ್ನೂ ಇಲ್ಲಿಗೆ ಎಳೆದು ತರುವವರಿರುವುದರಿಂದ ಹೇಳಬೇಕಾಯಿತು.

‘ಬಂದರು’ ಪಾರಸಿಯಿಂದ ಬಂದದ್ದು. ಕನ್ನಡದಲ್ಲಿ ಅದರ ಹರವು ದೊಡ್ಡದು: ಹಡಗುಗಳು ಲಂಗರು ಹಾಕುವ ನೀರು, ಸುಂಕದ ಕಟ್ಟೆ, ಗೋದಾಮು, ಆಡಳಿತ ಎಲ್ಲ ಅದರೊಳಗೆ ಬರುತ್ತವೆ, ದಕ್ಕೆ ಅದರ ಒಂದು ಅಂಗ. ಅಪೊಲೊ ಬಂದರ್, ಬೋರಿ ಬಂದರ್ ಎಂಬ ಹೆಸರುಗಳನ್ನು ದಿನವೂ ಕೇಳುವ ಮುಂಬಯಿಗರು ಸಣ್ಣ ಇಳಿದಾಣಕ್ಕೂ ಬಂದರೆನ್ನುವುದು ಸಹಜವೇ, ಅಷ್ಟನ್ನು ಮನ್ನಿಸಬಹುದು. ಜೆಟ್ಟಿ ತೀರದಿಂದ ನೀರಿನೊಳಕ್ಕೆ ಚಾಚಿಕೊಂಡ ಕಟ್ಟಣೆ. ದಕ್ಕೆ ತೀರದ ಉದ್ದಕ್ಕೆ ಕಟ್ಟಿದ್ದು. ಈ ಗೆರೆ ಆಡುಮಾತಿನಲ್ಲಿ ಅಳಿಸಿಹೋಗಿದೆ.

ಯೋಜನೆಯ ವಿಷಯಕ್ಕೆ ಬಂದರೆ ಮಾತ್ರ ಈ ಪದಗಳನ್ನು ಕಲಸುವಂತಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಆಚೀಚೆ ಮುಂಬಯಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು 4 ಮೀಟರಿಗೂ ಹೆಚ್ಚು ಏರಿಳಿಯುತ್ತದೆ, ಅಂದರೆ ಒಂದು ಮಾಳಿಗೆಯಷ್ಟು. ಕಲ್ಲಿನ ದಕ್ಕೆ ಇದ್ದಲ್ಲೇ ಇರುತ್ತದೆ, ಲಾಂಚ್ ಕೆಳಗಿಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಪಾಚಿ ಹಿಡಿದ ಮೆಟ್ಟಿಲಿನ ತುದಿಯಲ್ಲಿ ನಿಂತ ಖಲಾಸಿ ಒಬ್ಬೊಬ್ಬರ ತೋಳು ಹಿಡಿದು ಇಳಿಸುತ್ತಾನೆ. ಪಕ್ಕದಲ್ಲಿ ಇನ್ನೊಂದು ಲಾಂಚ್ ಕಟ್ಟಿದ್ದರೆ ಅದನ್ನು ದಾಟಿ ನಮ್ಮದಕ್ಕೆ ಹೋಗಬೇಕು. ಎಲಿಫೆಂಟಾ ನೋಡಲು ಹೊರಟವರಿಗೆ ಅದೊಂದು ಮೋಜು. 9 ಗಂಟೆಗೆ ಕಚೇರಿ ಮುಟ್ಟಬೇಕಾದವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಅಲ್ಲ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿಯ ವಾಟರ್ ಮೆಟ್ರೊದಲ್ಲಿ ಹತ್ತುವ ಜಾಗವೇ ತೇಲುತ್ತದೆ: ಪಾಂಟೂನ್ ಎಂಬ ಈ ತೇಲುಕಟ್ಟೆ ನೀರಿನ ಜೊತೆಗೇ ಏರಿಳಿಯುವುದರಿಂದ ದೋಣಿಯ ನೆಲವೂ ಅದೂ ಒಂದೇ ಮಟ್ಟದಲ್ಲಿರುತ್ತವೆ. ಕೊಚ್ಚಿಯ ಏರಿಳಿತ ಸುಮಾರು 1 ಮೀಟರು. ಮುಂಬಯಿಯಲ್ಲಿ ಅದೇ ಏರ್ಪಾಡು ಬೇಕೆಂದರೆ ದಡವನ್ನೂ ಪಾಂಟೂನನ್ನೂ ಸೇರಿಸುವ ಓರೆಸೇತುವೆ ಬಹಳ ಉದ್ದವಾಗಬೇಕು, ಇಲ್ಲದಿದ್ದರೆ ಇಳಿತದಲ್ಲಿ ಅದು ಏಣಿಯಂತೆ ಕಡಿದಾಗುತ್ತದೆ. ‘ಹೊಸ ಬಂದರು’ ಎಂದು ಬರೆದಾಗ ಓದುಗನಿಗೆ ಸಿಗದೆ ಹೋಗುವುದು ಈ ಕಲ್ಲಿನದೋ ತೇಲುವುದೋ ಎಂಬ ಪ್ರಶ್ನೆಯೇ. ಮುಂಬಯಿಯ ಎದುರು ದಡದಲ್ಲಿರುವ ಉರಣದ ಮೋರಾದಲ್ಲಿ ದಕ್ಕೆಯಿದ್ದೂ ಹೂಳು ತುಂಬಿ, ದೊಡ್ಡ ಇಳಿತದ ದಿನಗಳಲ್ಲಿ ಲಾಂಚ್ ಹತ್ತಿರ ಬರಲಾರದೆ ಪ್ರಯಾಣಿಕರು ಕಾಯುತ್ತಾರೆ. ಅಲ್ಲಿ ಬೇಕಾದದ್ದು ಹೂಳೆತ್ತುವ ಕೆಲಸ, ಇನ್ನೊಂದು ಕಟ್ಟೆಯಲ್ಲ. ಗೇಟ್‌ವೇ ಆಫ್ ಇಂಡಿಯಾದಿಂದ ಅಲಿಬಾಗ್ ಕಡೆಯ ಮಾಂಡ್ವಾಕ್ಕೆ ಹೋಗುವ ಲಾಂಚುಗಳು ಮಳೆಗಾಲದಲ್ಲಿ ನಿಲ್ಲುತ್ತವೆ, 2020ರ ಮಾರ್ಚ್‌ನಲ್ಲಿ ಮುಂಬಯಿಯ ಭಾವುಚಾ ಧಕ್ಕಾ ಎಂಬ ಹಳೆಯ ಇಳಿದಾಣದಿಂದ ಮಾಂಡ್ವಾಕ್ಕೆ ಶುರುವಾದ, ವಾಹನಗಳನ್ನೂ ಒಯ್ಯುವ ದೊಡ್ಡ ರೋ-ರೋ ಹಡಗು ಮಳೆಗಾಲದಲ್ಲೂ ಓಡುತ್ತದೆ. ಎರಡಕ್ಕೂ ‘ದೋಣಿ’ ಎಂಬ ಒಂದೇ ಪದ ಬಳಸುವವರ ಜೊತೆಗಿನ ಜಗಳ ಬೇರೆಯೇ ಇದೆ.

ಇನ್ನು ಭಾವುಚಾ ಧಕ್ಕಾ. ಇದರ ‘ಭಾವು’ ನಮ್ಮ ಅಕ್ಕನ ಗಂಡನಲ್ಲ. 19ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದ, ಭಾವು ಎಂದು ಕರೆಯಲ್ಪಡುತ್ತಿದ್ದ ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ. ಆದ್ದರಿಂದ ‘ಭಾವನ ಧಕ್ಕೆ’ ಎಂಬ ಅನುವಾದ ಮನೆಜಗಳದ ವರದಿಯಂತೆ ಕೇಳಿಸುತ್ತದೆ. ‘ಭಾವುಚಾ ಧಕ್ಕಾ ಬಂದರು’ ಎಂದು ಬರೆಯುವವರು ಒಂದೇ ಕಟ್ಟೆಯನ್ನು ಎರಡು ಸಲ ಕಟ್ಟುತ್ತಾರೆ. ಅಂಕಿತನಾಮವಾದ್ದರಿಂದ ಅದನ್ನು ಭಾವುಚಾ ಧಕ್ಕಾ ಎಂದೇ ಬಿಡಬೇಕು. ಹೊಸದಾಗಿ ಕಟ್ಟುವುದಕ್ಕೆ ದಕ್ಕೆ ಎನ್ನಬೇಕು, ಅದು ನೀರಿನೊಳಕ್ಕೆ ಚಾಚಿದ್ದರೆ ಜೆಟ್ಟಿ, ತೇಲುವಂಥದಾದರೆ ತೇಲುದಕ್ಕೆ. ಆ ತಲೆಬರಹದಲ್ಲಿ ಒಂದು ಅಕ್ಷರದ ಹೊಟ್ಟೆ ಸೀಳಿದ ಗೆರೆಯನ್ನು ತೆಗೆದುಹಾಕಿದ್ದರೆ ಸಾಕಿತ್ತು.