ಎಂಟನೇ ತರಗತಿಗೆ ಎಲ್ಲಿ? ಊರ ಸರ್ಕಾರಿ ಪ್ರೌಢಶಾಲೆಯನ್ನು ನೋಡುವ ಬಗೆ

ಏಳನೇ ತರಗತಿ ಮುಗಿಸಿದ ಮಗುವನ್ನು ಕರೆದುಕೊಂಡು ಪ್ರೌಢಶಾಲೆಗೆ ಬರುವ ತಂದೆ ತಾಯಿ ಮೊದಲು ಕೇಳುವುದು ಒಂದೇ ಮಾತು: "ರಿಸಲ್ಟ್ ಎಷ್ಟು ಪರ್ಸೆಂಟ್ ಸರ್?" ಕೇಳಬಾರದ್ದೇನಲ್ಲ. ಆದರೆ ಹಳ್ಳಿಯ ಸಣ್ಣ ಶಾಲೆಯಲ್ಲಿ ಆ ಅಂಕಿಯಿಂದ ತಿಳಿಯುವುದು ಕಡಿಮೆ. ಹತ್ತನೇ ತರಗತಿಯಲ್ಲಿ 22 ಮಕ್ಕಳಿದ್ದು ಇಬ್ಬರು ಫೇಲಾದರೆ ಫಲಿತಾಂಶ ಶೇ 91, ನಾಲ್ವರು ಫೇಲಾದರೆ ಶೇ 82. ಇಬ್ಬರು ಮಕ್ಕಳ ವ್ಯತ್ಯಾಸಕ್ಕೆ ಒಳ್ಳೆಯ ಶಾಲೆ ಒಂದೇ ವರ್ಷದಲ್ಲಿ ಊರವರ ಬಾಯಲ್ಲಿ ಕೆಟ್ಟ ಶಾಲೆಯಾಗುತ್ತದೆ. ಅದೂ ಅಲ್ಲದೆ ಆ ಫಲಿತಾಂಶ ಮೂರು ವರ್ಷದ ಹಿಂದೆ ಸೇರಿದ ಮಕ್ಕಳದ್ದು. ಅವರಿಗೆ ಗಣಿತ ಹೇಳಿಕೊಟ್ಟವರು ಈಗಾಗಲೇ ವರ್ಗವಾಗಿ ಹೋಗಿರಬಹುದು.

ಕೇಳಬೇಕಾದ್ದು ಬೇರೆ: ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಖಾಲಿ ಇರುವುದು ಯಾವ ವಿಷಯದ್ದು? ಇದಕ್ಕೆ ಉತ್ತರ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೇ ಇರುತ್ತದೆ. ವೇಳಾಪಟ್ಟಿಯನ್ನು ಎರಡು ನಿಮಿಷ ನಿಂತು ನೋಡಿ. ಪ್ರತಿ ಪೀರಿಯಡ್ಡಿನ ಚೌಕದಲ್ಲಿ ವಿಷಯ, ಅದರ ಕೆಳಗೆ ಶಿಕ್ಷಕರ ಹೆಸರಿನ ಮೊದಲಕ್ಷರಗಳು. ನಮ್ಮ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಶಿಕ್ಷಕರು ಗಣಿತವನ್ನೂ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರು ವಿಜ್ಞಾನವನ್ನೂ ನೋಡಿಕೊಳ್ಳುತ್ತಾರೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಒಂದೇ ಅಕ್ಷರಗಳು ಕಂಡರೆ ಒಂದು ಹುದ್ದೆ ಖಾಲಿ ಇದೆ ಎಂದು ತಿಳಿಯಿರಿ. ಒಬ್ಬರೇ ದಿನವಿಡೀ ನಿಂತು ಎರಡು ವಿಷಯ ಎಳೆಯುತ್ತಿದ್ದಾರೆ, ಪ್ರಯೋಗ ಮಾಡಿಸಲು ಅವರಿಗೆ ಬಿಡುವಿಲ್ಲ. ಹಿಂದಿ ಅಥವಾ ಚಿತ್ರಕಲೆಯ ಹುದ್ದೆ ಖಾಲಿ ಇದ್ದರೆ ಹೇಗೋ ನಡೆಯುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರರಲ್ಲಿ ಒಂದು ಖಾಲಿ ಇದ್ದರೆ ಅದಕ್ಕೆ ಏನು ವ್ಯವಸ್ಥೆ ಎಂದು ಕೇಳಲೇಬೇಕು.

"ಅತಿಥಿ ಶಿಕ್ಷಕರು ಬರ್ತಾರೆ" ಎಂಬ ಉತ್ತರ ಸಿಗುತ್ತದೆ. ಅದು ಸುಳ್ಳಲ್ಲ. ಆದರೆ ಶಾಲೆ ತೆರೆಯುವುದು ಮೇ ಕೊನೆಗೆ, ಅತಿಥಿ ಶಿಕ್ಷಕರ ನೇಮಕದ ಆದೇಶ ಬಂದು ಅರ್ಜಿ ಕರೆದು ಅವರು ಪಾಠಕ್ಕೆ ನಿಲ್ಲುವುದು ಅದಾದ ಮೇಲೆ. ನಡುವಿನ ವಾರಗಳಲ್ಲಿ ಆ ಪೀರಿಯಡ್ ಖಾಲಿ ಹೋಗುತ್ತದೆ, ಇಲ್ಲವೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುತ್ತಾರೆ. ಹಿಂದಿನ ವರ್ಷ ಆ ವಿಷಯಕ್ಕೆ ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು, ಅವರೇ ಈ ವರ್ಷವೂ ಬರುತ್ತಾರೆಯೇ ಎಂದು ಕೇಳಿದರೆ ಶಾಲೆಯ ನಿಜಸ್ಥಿತಿ ಗೊತ್ತಾಗುತ್ತದೆ. ಇಂಥ ಪ್ರಶ್ನೆಗೆ ಮುಖ್ಯ ಶಿಕ್ಷಕರು ಬೇಸರಿಸಿಕೊಳ್ಳುವುದಿಲ್ಲ, ಅವರಿಗೂ ಅದೇ ತಲೆನೋವು.

ಇನ್ನೊಂದು ವಿಷಯವನ್ನು ಹೆಚ್ಚಿನ ಪೋಷಕರು ಪಿಯುಸಿ ಮುಗಿದ ಮೇಲೆ ತಿಳಿದುಕೊಂಡು ಪೇಚಾಡುತ್ತಾರೆ. ಎಂಟನೇ ತರಗತಿಯಲ್ಲಿ ಊರು ಬದಲಿಸುವುದು, ಮಾಧ್ಯಮ ಬದಲಿಸುವುದು ಮುಂದಿನ ಮೀಸಲಾತಿಯನ್ನೇ ಬದಲಿಸುತ್ತದೆ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟುಗಳಿವೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣಕ್ಕೆ ಶೇ 25, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಷರತ್ತು ಒಂದರಿಂದ ಹತ್ತರವರೆಗಿನ ಪೂರ್ತಿ ಹತ್ತು ವರ್ಷ. ಏಳು ವರ್ಷ ಹಳ್ಳಿಯಲ್ಲಿ ಓದಿ ಎಂಟನೆಯದಕ್ಕೆ ನಗರದ ಶಾಲೆಗೆ ಹೋದ ಮಗುವಿಗೆ ಗ್ರಾಮೀಣ ಪ್ರಮಾಣಪತ್ರ ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲೇ ಮುಂದುವರಿದರೆ ಆ ಒಂದು ಮೀಸಲಾತಿ ಮಾತ್ರ ಉಳಿಯುತ್ತದೆ. ಊರಲ್ಲೇ ಇದ್ದು ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಸೇರಿದರೆ ಗ್ರಾಮೀಣ ಉಳಿದು ಕನ್ನಡ ಮಾಧ್ಯಮ ಹೋಗುತ್ತದೆ. ಊರ ಪ್ರೌಢಶಾಲೆಯ ಕನ್ನಡ ಮಾಧ್ಯಮದಲ್ಲಿ ಮುಗಿಸಿದ ಮಗುವಿಗೆ ಎರಡೂ ಇರುತ್ತವೆ. ಶಾಲೆ ಇರುವ ಜಾಗ ಕಾಗದದ ಮೇಲೆ ಗ್ರಾಮೀಣವೋ ನಗರವೋ ಎಂಬ ಅನುಮಾನವಿದ್ದರೆ, ಪಟ್ಟಣ ಪಂಚಾಯಿತಿಯ ಅಂಚಿನ ಊರುಗಳಲ್ಲಿ ಈ ಗೊಂದಲ ಸಾಮಾನ್ಯ, ಸೇರಿಸುವ ಮೊದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಪ್ರಮಾಣಪತ್ರಕ್ಕೆ ಮೇಲುರುಜು ಬೀಳುವುದೂ ಅಲ್ಲೇ.

ಇದರ ಜೊತೆಗೆ ಎನ್‌ಎಂಎಂಎಸ್, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಎಂಟನೇ ತರಗತಿಯಲ್ಲಿ ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದು ತೆರೆದಿದೆ. ಅನುದಾನರಹಿತ ಖಾಸಗಿ ಶಾಲೆಯವರು ಬರೆಯುವಂತಿಲ್ಲ, ಸರ್ಕಾರದ ವಸತಿ ಶಾಲೆಯವರೂ ಬರೆಯುವಂತಿಲ್ಲ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಬಂದಿರಬೇಕು, ಪರಿಶಿಷ್ಟರಿಗೆ ಶೇ 50. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ: ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ್ದು. ಮಕ್ಕಳು ಎಡವುವುದು ಹೆಚ್ಚಾಗಿ ಮೊದಲನೆಯದರಲ್ಲಿ. ಸಂಖ್ಯಾಸರಣಿ, ಆಕೃತಿ, ಸಂಕೇತದ ಪ್ರಶ್ನೆಗಳು ಪಠ್ಯಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ, ಅಭ್ಯಾಸದಿಂದಲೇ ಬರಬೇಕು. ಶಾಲೆ ಬೆಳಗ್ಗೆ ಒಂದು ಹೊತ್ತು ಅದಕ್ಕೆ ಕೂರಿಸುತ್ತದೆಯೇ, ಕಳೆದ ವರ್ಷ ಎಷ್ಟು ಮಕ್ಕಳು ಬರೆದರು ಎಂದು ಕೇಳಿ. ಎಷ್ಟು ಮಕ್ಕಳು ಆಯ್ಕೆಯಾದರು ಎಂಬುದಕ್ಕಿಂತ ಎಷ್ಟು ಮಕ್ಕಳನ್ನು ಬರೆಸಿದರು ಎಂಬುದೇ ಶಾಲೆಯ ಶ್ರದ್ಧೆಗೆ ಸರಿಯಾದ ಅಳತೆ.

ಕಾಗದಪತ್ರಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಜನ್ಮ ದಿನಾಂಕಗಳೇ ಮಗುವಿಗೆ ಜೀವನಪೂರ್ತಿ ಆಧಾರ. ಪಾಸ್‌ಪೋರ್ಟಿಗೂ ಕೆಲಸಕ್ಕೂ ಮೊದಲು ಕೇಳುವುದು ಅದನ್ನೇ. ಆ ಹೆಸರು ಅಂಕಪಟ್ಟಿಗೆ ಬರುವುದು ಶಾಲೆಯ ದಾಖಲಾತಿ ಪುಸ್ತಕದಿಂದ, ಪುಸ್ತಕಕ್ಕೆ ಬರುವುದು ವರ್ಗಾವಣೆ ಪತ್ರದಿಂದ. ಅಂದರೆ ಎಂಟನೇ ತರಗತಿಗೆ ಸೇರುವ ದಿನ ಬರೆಸಿದ್ದೇ ಕೊನೆಗೆ ಅಚ್ಚಾಗುತ್ತದೆ. ಟಿ.ಸಿ.ಯಲ್ಲಿ "ಸುಮಾ ಎಚ್.ಎಂ.", ಆಧಾರ್ ಕಾರ್ಡಿನಲ್ಲಿ "ಎಂ. ಎಚ್. ಸುಮ", ಬ್ಯಾಂಕಿನಲ್ಲಿ "ಸುಮಾ ಮಂಜುನಾಥ" ಎಂದಿದ್ದರೆ ಮೂವರು ಬೇರೆ ಬೇರೆ ಹುಡುಗಿಯರೆಂದೇ ಗಣಕಯಂತ್ರದ ಲೆಕ್ಕ. ಇನಿಷಿಯಲ್ ಹಿಂದೆಯೋ ಮುಂದೆಯೋ, ದೀರ್ಘವೋ ಹ್ರಸ್ವವೋ, ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಗೆ ಒಂದು 'ಎ' ಇದೆಯೋ ಎರಡಿದೆಯೋ, ಒಂದೊಂದನ್ನೂ ಕುಳಿತು ತಾಳೆ ನೋಡಿ. ತಪ್ಪಿದ್ದರೆ ಎಂಟನೇ ತರಗತಿಯಲ್ಲೇ ತಿದ್ದಿಸಿ. ಹತ್ತನೇ ತರಗತಿಯಲ್ಲಿ ಪರೀಕ್ಷಾ ಮಂಡಳಿಗೆ ನೋಂದಣಿ ಹೋಗುವವರೆಗೆ ಸಣ್ಣ ತಪ್ಪುಗಳ ತಿದ್ದುಪಡಿ ಶಾಲೆ ಮತ್ತು ಬಿಇಒ ಕಚೇರಿಯ ಮಟ್ಟದಲ್ಲಿ ಮುಗಿಯಬಹುದು, ಅಂಕಪಟ್ಟಿ ಅಚ್ಚಾದ ಮೇಲೆ ಮಂಡಳಿಯವರೆಗೂ ಅಲೆಯಬೇಕು.

ಟಿ.ಸಿ., ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಾಲಾ ದಾಖಲೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ), ಆಧಾರ್ ನಕಲು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಪಾಸ್‌ಬುಕ್, ನಾಲ್ಕೈದು ಫೋಟೊ ತಂದರೆ ಸಾಕು. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ನಾಲ್ಕನೇ ತರಗತಿಯಲ್ಲಿ ಮಾಡಿಸಿದ್ದು ಒಂಬತ್ತರಲ್ಲಿ ಸತ್ತಿರುತ್ತದೆ, ಆ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಹಾಕಿದಾಗ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೇ ತಿಂಗಳಲ್ಲೇ ನಾಡಕಚೇರಿಯಲ್ಲಿ ಹೊಸದು ಮಾಡಿಸಿಕೊಳ್ಳಿ, ಜೂನಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬ್ಯಾಂಕ್ ಖಾತೆಯ ವಿಷಯದಲ್ಲಿ ಆಗುವ ಎಡವಟ್ಟು ಬೇರೆ. ವಿದ್ಯಾರ್ಥಿವೇತನದ ಹಣ ಪಾಸ್‌ಬುಕ್ಕಿನಲ್ಲಿ ಬರೆದ ಖಾತೆಗೇ ಬರಬೇಕೆಂದಿಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಜೋಡಣೆ ಯಾವುದಕ್ಕಿದೆ ಎಂದು ಬ್ಯಾಂಕಿನಲ್ಲೇ ಕೇಳಿ, ಬಹಳ ದಿನ ವ್ಯವಹಾರವಿಲ್ಲದೆ ನಿಂತುಹೋದ ಖಾತೆಗೆ ಒಮ್ಮೆ ಜೀವ ಕೊಡಿಸಿ.

ಶಾಲೆಯಿಂದ ಸಿಗುವುದು: ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್, ಬಿಸಿಯೂಟ. ಊಟಕ್ಕೆ ಪ್ರೌಢಶಾಲೆಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಲೆಕ್ಕ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು 150 ಮಿ.ಲೀ. ಮೊಟ್ಟೆ 2024ರ ಸೆಪ್ಟೆಂಬರ್‌ನಿಂದ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ, ವಾರಕ್ಕೆ ಆರು ದಿನಕ್ಕೆ ಏರಿತು. ಒಲ್ಲದವರಿಗೆ ಬಾಳೆಹಣ್ಣು. ಮನೆಯಲ್ಲಿ ಮೊಟ್ಟೆ ನಡೆಯುವುದೋ ಇಲ್ಲವೋ ಎಂಬುದನ್ನು ಸೇರುವಾಗಲೇ ಹೇಳಿ, ಅಡುಗೆಯವರು ಪಟ್ಟಿ ನೋಡಿಯೇ ಬೇಯಿಸುವುದು. ಸೈಕಲ್ ವಿತರಣೆ ಕೋವಿಡ್ ಸಮಯದಲ್ಲಿ ನಿಂತಿತು, ಅದನ್ನು ನಂಬಿಕೊಂಡು ದೂರದ ಶಾಲೆ ಆರಿಸಬೇಡಿ.

ದೂರದ ಮಾತು ಬಂದಾಗ ಕಿಲೋಮೀಟರ್ ಲೆಕ್ಕಕ್ಕಿಂತ ಬಸ್ಸಿನ ವೇಳೆ ನೋಡಿ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಚೀಟಿಗೆ ದುಡ್ಡಿಲ್ಲ, ಗಂಡುಮಕ್ಕಳಿಗೆ ಪಾಸು ಮಾಡಿಸಬೇಕು. ಚೀಟಿಯ ಖರ್ಚು ಅಷ್ಟಕ್ಕಷ್ಟೇ. ಬೆಳಗಿನ ಬಸ್ಸು ಪ್ರಾರ್ಥನೆಯ ಗಂಟೆಗೆ ಹತ್ತು ನಿಮಿಷ ತಡವಾಗಿ ಬಂದರೆ ಆ ಮಗುವಿಗೆ ಮೊದಲ ಪೀರಿಯಡ್ ವರ್ಷವಿಡೀ ಅರ್ಧವೇ. ಆ ಪೀರಿಯಡ್ ಗಣಿತವೇ ಆಗಿರುತ್ತದೆ, ಮಕ್ಕಳ ತಲೆ ಚುರುಕಾಗಿರುವಾಗ ಗಣಿತ ಹಾಕುವುದು ವಾಡಿಕೆ. ಹತ್ತನೇ ತರಗತಿಯಲ್ಲಿ ಸಂಜೆಯ ವಿಶೇಷ ತರಗತಿ ಮುಗಿದ ಮೇಲೆ ವಾಪಸು ಬಸ್ಸಿದೆಯೇ ಎಂಬುದನ್ನೂ ಈಗಲೇ ಯೋಚಿಸಿ. ಹುಡುಗಿಯರು ಆ ತರಗತಿ ಬಿಡುವುದಕ್ಕೆ ಹೆಚ್ಚಿನ ಕಡೆ ಕಾರಣ ಇದೇ.

ಶಾಲೆ ನೋಡಲು ಹೋಗುವುದಾದರೆ ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ ಊಟದ ಬಿಡುವು ಮುಗಿಯುವ ಹೊತ್ತಿಗೆ ಹೋಗಿ. ತಾಯಂದಿರು ಹೆಣ್ಣುಮಕ್ಕಳ ಶೌಚಾಲಯದ ಒಳಗೇ ಹೋಗಿ ನೋಡಿಬರಲಿ: ನಲ್ಲಿಯಲ್ಲಿ ಆ ಹೊತ್ತಿಗೂ ನೀರಿದೆಯೇ, ಚಿಲಕ ಒಳಗಿಂದ ಬೀಳುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇದೆಯೇ. ಬೆಳಗ್ಗೆ ತುಂಬಿದ ಟ್ಯಾಂಕು ಊಟದ ತಟ್ಟೆ ತೊಳೆಯುವುದಕ್ಕೇ ಖಾಲಿಯಾಗುವ ಶಾಲೆಗಳಿವೆ. ಅಲ್ಲಿ ಹುಡುಗಿಯರು ಮನೆಯಿಂದ ತಂದ ನೀರಿನ ಬಾಟಲಿಯನ್ನು ಸಂಜೆ ಹಾಗೆಯೇ ವಾಪಸು ಒಯ್ಯುತ್ತಾರೆ. ಮಗಳ ಬಾಟಲಿ ತುಂಬಿಕೊಂಡೇ ಮನೆಗೆ ಬರುತ್ತಿದ್ದರೆ ಬೈಯುವ ಮುನ್ನ ಕಾರಣ ಕೇಳಿ.

ಸೇರಿದ ಮೇಲಿನ ಮೊದಲ ವಾರಗಳಲ್ಲಿ ಸೇತುಬಂಧ ನಡೆಯುತ್ತದೆ. "ಇನ್ನೂ ಪಾಠ ಶುರುವಾಗಿಲ್ಲ" ಎಂದು ಮದುವೆ, ಜಾತ್ರೆ ಮುಗಿಸಿ ಜೂನ್ ಮಧ್ಯಕ್ಕೆ ಕಳಿಸುವವರು ಬಹಳ. ಹಿಂದಿನ ತರಗತಿಯಲ್ಲಿ ಬಾರದೆ ಉಳಿದದ್ದನ್ನು ಪರೀಕ್ಷೆ ಮಾಡಿ ಹಿಡಿದು ತುಂಬಿಸಲು ಇರುವ ಅವಧಿ ಅದೊಂದೇ. ಭಿನ್ನರಾಶಿ, ಋಣ ಸಂಖ್ಯೆ ಬಾರದ ಮಗು ಜುಲೈನಲ್ಲಿ ಬೀಜಗಣಿತಕ್ಕೆ ಕುಳಿತರೆ ಅಕ್ಷರ ನಕಲು ಮಾಡುತ್ತದೆ, ಲೆಕ್ಕ ಮಾಡುವುದಿಲ್ಲ. ಪೂರ್ವ ಪರೀಕ್ಷೆಯಲ್ಲಿ ಎಷ್ಟು ಬಂತು, ಕೊನೆಯ ಸಾಫಲ್ಯ ಪರೀಕ್ಷೆಯಲ್ಲಿ ಎಷ್ಟು ಬಂತು ಎಂಬ ಎರಡೂ ಅಂಕಿ ಶಾಲೆಯಲ್ಲಿರುತ್ತವೆ, ಕೇಳಿದರೆ ತೋರಿಸುತ್ತಾರೆ. ಹಾಜರಾತಿ ಶೇ 75ಕ್ಕಿಂತ ಕಡಿಮೆಯಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೇ ತೊಡಕು ಎಂಬುದನ್ನೂ ಸುಗ್ಗಿಯ ಕೆಲಸಕ್ಕೆ ಮಗನನ್ನು ಕರೆಯುವಾಗ ನೆನಪಿಡಿ.

ಹಣದ ವಿಷಯ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಹೊರಟ ಆದೇಶ ಟೀಕೆಗಳ ನಡುವೆ ಕೆಲವೇ ದಿನಗಳಲ್ಲಿ ವಾಪಸಾಯಿತು. ದೇಣಿಗೆ ಕೊಡುವುದು ನಿಮ್ಮ ಇಷ್ಟ, ಕೊಡದಿದ್ದರೆ ದಾಖಲಾತಿ ನಿಲ್ಲಿಸುವಂತಿಲ್ಲ. ಕೊಟ್ಟ ಹಣ ಎಲ್ಲಿ ಹೋಯಿತೆಂದು ಕೇಳುವ ಜಾಗ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಹುಟ್ಟಿದ ಈ ಸಮಿತಿಯ ಬಲವೇ ಪೋಷಕರು. ಸಮಿತಿಯ ಆಯ್ಕೆ ಸಭೆಗೆ ಹತ್ತು ಜನ ಬಂದರೆ ಆ ಹತ್ತು ಜನರಲ್ಲೇ ಎಲ್ಲ ಹಂಚಿಹೋಗುತ್ತದೆ, ಆಮೇಲೆ ಅಡುಗೆ ಕೋಣೆಯ ಚಾವಣಿ ಸೋರುತ್ತದೆಂದು ಹೋಟೆಲಿನಲ್ಲಿ ಕುಳಿತು ಮಾತಾಡಿ ಪ್ರಯೋಜನವಿಲ್ಲ. 'ಸಮುದಾಯದತ್ತ ಶಾಲೆ' ಸಭೆಗಳಿಗೆ ಒಂದು ದಿನದ ಕೂಲಿ ಬಿಟ್ಟಾದರೂ ಬನ್ನಿ ಎಂದು ಹೇಳುವುದು ಸುಲಭ, ಕೂಲಿ ಬಿಡುವುದು ಕಷ್ಟ. ಅಪ್ಪ ಒಂದು ಸಲ, ಅಮ್ಮ ಒಂದು ಸಲ ಬಂದರೂ ನಡೆಯುತ್ತದೆ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಖಾಸಗಿ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ಮನೆಯವರಿಗೆ ಕೊನೆಗೊಂದು ಮಾತು. ಆ ಉಚಿತ ಸೀಟು ಎಂಟನೇ ತರಗತಿಗೆ ಮುಗಿಯುತ್ತದೆ, ಒಂಬತ್ತರಿಂದ ಪೂರ್ತಿ ಶುಲ್ಕ. ಆಗ ಸರ್ಕಾರಿ ಶಾಲೆಗೆ ಬರುವ ಮಗುವಿಗೆ ಇಂಗ್ಲಿಷ್ ಮಾಧ್ಯಮದಿಂದ ಕನ್ನಡ ಮಾಧ್ಯಮಕ್ಕೆ ಒಮ್ಮೆಲೇ ಜಿಗಿಯಬೇಕಾಗಿ 'ಲಸಾಅ', 'ಬಹುಪದೋಕ್ತಿ', 'ದ್ಯುತಿಸಂಶ್ಲೇಷಣೆ' ಎಂದರೇನೆಂದೇ ತಿಳಿಯದೆ ಮೊದಲ ಕಿರುಪರೀಕ್ಷೆ ಹೋಗುತ್ತದೆ. ಸುತ್ತಮುತ್ತ ಇಂಗ್ಲಿಷ್ ಮಾಧ್ಯಮದ ವಿಭಾಗವಿರುವ ಸರ್ಕಾರಿ ಪ್ರೌಢಶಾಲೆ ಯಾವುದೆಂದು ಒಂದು ವರ್ಷ ಮೊದಲೇ ನೋಡಿಟ್ಟುಕೊಂಡು ಎಂಟಕ್ಕೇ ಬಂದರೆ ಎನ್‌ಎಂಎಂಎಸ್ ಬರೆಯುವ ಅವಕಾಶವೂ ಸಿಗುತ್ತದೆ. ಎಂಟನೇ ತರಗತಿಗೆ ಬರುವಾಗ ಹಳೆಯ ಶಾಲೆ ಟಿ.ಸಿ. ತಡೆಹಿಡಿದರೆ ಹೆದರಬೇಕಿಲ್ಲ. ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಒಂಬತ್ತಕ್ಕೆ ಈ ರಕ್ಷಣೆ ಇಲ್ಲ, ಆಗ ಬಿಇಒ ಅವರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.