ತೆರಿಗೆ ವಿನಾಯಿತಿ ಇರುವ ಸಂಸ್ಥೆ ಮತದಾರರ ಮನೆಗೆ ಹೋಗಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಸೇವಾಸಂಸ್ಥೆಗಳು ಅಂಗಡಿ ಮುಂದೆ ಮೇಜು ಹಾಕಿಕೊಂಡು ಮತದಾರರ ನೋಂದಣಿ ಮಾಡುತ್ತವೆ, ಮನೆಮನೆಗೆ ಹೋಗಿ ಮತ ಹಾಕಿ ಎನ್ನುತ್ತವೆ. ಇವುಗಳಲ್ಲಿ ಬಹಳಷ್ಟು ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು. ಅಂಥವು ರಾಜಕೀಯ ಮಾಡುವಂತಿಲ್ಲ ಎಂದು ಕೇಳಿದ್ದೇವೆ. ಹಾಗಾದರೆ ಇದು ಹಿಂಬಾಗಿಲಿನ ಪಕ್ಷ ಪ್ರಚಾರವಲ್ಲವೇ?

ಉತ್ತರ: ‘ಮತ ಹಾಕಿ’ ಎನ್ನಬಹುದು, ‘ಇಂಥವರಿಗೆ ಹಾಕಿ’ ಎನ್ನುವಂತಿಲ್ಲ. ಕಾನೂನು ಇಷ್ಟೇ. ಆದರೆ ಬೀದಿಗಿಳಿದಾಗ ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದೇ ನಿಜವಾದ ಪ್ರಶ್ನೆ.

ಅದಕ್ಕೂ ಮೊದಲು, ಈ ಕೆಲಸವನ್ನು ಖಾಸಗಿ ಸಂಸ್ಥೆಗಳು ಯಾಕೆ ಮಾಡಬೇಕು ಎಂಬುದು ಇಲ್ಲಿನ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಮತದಾರರ ಪಟ್ಟಿ ಸರ್ಕಾರದ ಹೊಣೆ. ಬಿಎಲ್‌ಒ ಮನೆಬಾಗಿಲಿಗೆ ಬರುತ್ತಾರೆ, ಫಾರಂ 6 ತುಂಬಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಹಾಗೆ ಮನೆ ಹುಡುಕಿಕೊಂಡು ಬರುವ ಅಧಿಕಾರಿ ಇಲ್ಲ. ಕೆಲವು ರಾಜ್ಯಗಳು ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲೇ ತಾವಾಗಿ ಹೆಸರು ಸೇರಿಸಿಕೊಳ್ಳುತ್ತವೆ. ಉಳಿದ ಕಡೆ ನಾಗರಿಕರೇ ಅರ್ಜಿ ಹಾಕಬೇಕು. ಮನೆ ಬದಲಾದರೆ ವಿಳಾಸವನ್ನೂ ಅವರೇ ಬದಲಾಯಿಸಿಕೊಳ್ಳಬೇಕು. ಬಾಡಿಗೆ ಮನೆಯಲ್ಲಿ ಇರುವವರು, ಕೆಲಸದ ಬೆನ್ನುಹತ್ತಿ ಊರು ಬದಲಿಸುವವರು, ಈಗಷ್ಟೇ 18 ತುಂಬಿದವರು ಈ ವ್ಯವಸ್ಥೆಯಲ್ಲಿ ಹೊರಗುಳಿಯುವುದೇ ಹೆಚ್ಚು. ಲ್ಯಾಟಿನೋಗಳಲ್ಲಿ ಇಂಥವರ ಪಾಲು ದೊಡ್ಡದು. 2024ರ ಚುನಾವಣೆಯ ಹೊತ್ತಿಗೆ ಮತದಾನಕ್ಕೆ ಅರ್ಹರಾದ ಲ್ಯಾಟಿನೋಗಳು ಸುಮಾರು 3.62 ಕೋಟಿ, ವರ್ಷಕ್ಕೆ ಸುಮಾರು 14 ಲಕ್ಷ ಜನ ಹೊಸದಾಗಿ ಅರ್ಹರಾಗುತ್ತಾರೆ. ಆದರೆ 2020ರಲ್ಲಿ ಎಲ್ಲ ನಾಗರಿಕರಲ್ಲಿ ಮತ ಹಾಕಿದವರು ಶೇ 66.8, ಲ್ಯಾಟಿನೋ ನಾಗರಿಕರಲ್ಲಿ ಶೇ 53.7 ಮಾತ್ರ. ಸಂಸ್ಥೆಗಳು ದುಡಿಯುವುದು ಈ ಅಂತರದಲ್ಲಿ.

ಇನ್ನು ಕಾನೂನು. ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಸಂಸ್ಥೆಗಳನ್ನು ತೆರಿಗೆ ಸಂಹಿತೆಯ 501(ಸಿ)(3) ವರ್ಗ ಎನ್ನುತ್ತಾರೆ. ಅಲ್ಲಿ ಓಡಾಡುವವರ ಬಾಯಲ್ಲಿ ಅದು ಬರೀ ‘ಸಿ3’. 1954ರಲ್ಲಿ ಆಗಿನ ಸೆನೆಟರ್ ಲಿಂಡನ್ ಜಾನ್ಸನ್ ತಂದ ತಿದ್ದುಪಡಿಯ ಪ್ರಕಾರ ಸಿ3 ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಸ್ವಲ್ಪ ಮಾಡಬಹುದು ಎಂಬ ಸಡಿಲಿಕೆಯೂ ಇಲ್ಲ, ಸಂಪೂರ್ಣ ನಿಷೇಧ. ತಪ್ಪಿದರೆ ವಿನಾಯಿತಿ ಹೋಗಬಹುದು. ಅದರ ಮೇಲೆ ಪ್ರಚಾರಕ್ಕೆ ಸುರಿದ ಹಣದ ಶೇ 10ರಷ್ಟು ತೆರಿಗೆ ಬೀಳುತ್ತದೆ. ಸರಿಪಡಿಸಿಕೊಳ್ಳದಿದ್ದರೆ ಅದು ಶೇ 100ಕ್ಕೆ ಏರುತ್ತದೆ.

ಗೆರೆ ಎಲ್ಲಿದೆ ಎಂದು ತೋರಿಸಲು ತೆರಿಗೆ ಇಲಾಖೆ 2007ರಲ್ಲಿ 21 ಸನ್ನಿವೇಶಗಳನ್ನು ಬರೆದು ಕೊಟ್ಟಿದೆ. ಅದರ ಮೊದಲ ಎರಡೇ ಸಾಕು. ಒಂದು ಸಂಸ್ಥೆ ಜಾತ್ರೆಯಂಥ ಮೇಳದಲ್ಲಿ ನೋಂದಣಿ ಮೇಜು ಹಾಕುತ್ತದೆ. ಫಲಕದಲ್ಲಿ ಸಂಸ್ಥೆಯ ಹೆಸರು ಮತ್ತು ಚುನಾವಣೆಯ ದಿನಾಂಕ ಬಿಟ್ಟರೆ ಅಭ್ಯರ್ಥಿಯ ಸುಳಿವೇ ಇಲ್ಲ. ಇದು ಸರಿ. ಇನ್ನೊಂದು ಸಂಸ್ಥೆ ಮತದಾರರಿಗೆ ಫೋನ್ ಮಾಡಿ, ತಾನು ಕೆಲಸ ಮಾಡುವ ವಿಷಯದ ಮಹತ್ವ ತಿಳಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತದೆ. ಉತ್ತರ ಒಬ್ಬ ಅಭ್ಯರ್ಥಿಯ ನಿಲುವಿಗೆ ಹೊಂದಿದರೆ ಮತಗಟ್ಟೆಗೆ ಗಾಡಿ ಕಳಿಸಲೇ ಎನ್ನುತ್ತದೆ, ಎದುರಾಳಿಯ ನಿಲುವಿಗೆ ಹೊಂದಿದರೆ ಧನ್ಯವಾದ ಹೇಳಿ ಫೋನ್ ಇಡುತ್ತದೆ. ‘ಇಂಥವರಿಗೆ ಹಾಕಿ’ ಎಂಬ ಮಾತು ಎಲ್ಲೂ ಬರಲಿಲ್ಲ, ಆದರೂ ಇದು ಪ್ರಚಾರವೇ. ಹಾಗಾಗಿ ಪಕ್ಷಪಾತ ಇದೆಯೇ ಎಂದು ನೋಡಲು ಸಂಸ್ಥೆ ಏನು ಹೇಳಿತು ಎಂಬುದರ ಜತೆಗೆ ಯಾರನ್ನು ಬಿಟ್ಟಿತು ಎಂಬುದನ್ನೂ ಕೇಳಬೇಕು. ಯುವಕರು, ಹೊಸ ನಾಗರಿಕರು, ಮತದಾನ ಕಡಿಮೆ ಇರುವ ಬಡಾವಣೆ, ಸ್ಪ್ಯಾನಿಷ್ ಮಾತಾಡುವವರು ಎಂದು ಆಯ್ದುಕೊಳ್ಳಬಹುದು. ಪಕ್ಷ ನೋಡಿ ಆಯ್ದುಕೊಳ್ಳುವಂತಿಲ್ಲ. ಮೇಜಿನ ಮುಂದೆ ನಿಂತವರು ನಿಮಗೆ ಆಗದ ಪಕ್ಷದ ಟೋಪಿ ಹಾಕಿಕೊಂಡು ಬಂದಿದ್ದರೂ ಅವರ ಅರ್ಜಿಯನ್ನು ಅಷ್ಟೇ ಮುತುವರ್ಜಿಯಿಂದ ತುಂಬಿಸಬೇಕು.

ಪ್ರಶ್ನೆಯಲ್ಲಿರುವ ಅನುಮಾನವೇನೂ ಹೊಸದಲ್ಲ. 1967ರಲ್ಲಿ ಫೋರ್ಡ್ ಫೌಂಡೇಷನ್ ಎಂಬ ಖಾಸಗಿ ದತ್ತಿಸಂಸ್ಥೆ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕರಿಯರ ಸಂಘಟನೆಯೊಂದಕ್ಕೆ ಕೊಟ್ಟ ಹಣದಲ್ಲಿ ಒಂದು ಭಾಗ ಮತದಾರರ ನೋಂದಣಿಗೆ ಹೋಯಿತು. ಅದೇ ವರ್ಷ ಕರಿಯ ಸಮುದಾಯದ ಕಾರ್ಲ್ ಸ್ಟೋಕ್ಸ್ ಅಲ್ಲಿನ ಮೇಯರ್ ಆದರು. ಅತ್ತ ಟೆಕ್ಸಾಸ್‌ನಲ್ಲಿ ಫೋರ್ಡ್ ಹಣ ಪಡೆದ ಮೆಕ್ಸಿಕನ್ ಅಮೆರಿಕನ್ ಸಂಘಟನೆಗಳ ಮೇಲೆ ಸ್ಯಾನ್ ಆಂಟೋನಿಯೋದ ಸಂಸದ ಹೆನ್ರಿ ಗೊನ್ಸಾಲೆಸ್ ಹರಿಹಾಯ್ದರು. ಅವರೂ ಮೆಕ್ಸಿಕನ್ ಮೂಲದವರೇ. ಪರಿಣಾಮ, 1969ರ ತೆರಿಗೆ ಕಾನೂನಿನಲ್ಲಿ ಬಿಗಿಯಾದೊಂದು ಷರತ್ತು ಸೇರಿತು. ಖಾಸಗಿ ಫೌಂಡೇಷನ್ ನೋಂದಣಿಗೆಂದೇ ಹಣ ಕೊಡಬೇಕಾದರೆ, ಪಡೆಯುವ ಸಂಸ್ಥೆ ಕನಿಷ್ಠ 5 ರಾಜ್ಯಗಳಲ್ಲಿ ಕೆಲಸ ಮಾಡುತ್ತಿರಬೇಕು. ಅದರ ಕೆಲಸ ಒಂದೇ ಚುನಾವಣೆಗೆ ಸೀಮಿತವಾಗಿರಬಾರದು. ಒಬ್ಬನೇ ದಾನಿಯಿಂದ ಶೇ 25ಕ್ಕಿಂತ ಹೆಚ್ಚು ನೆರವು ಬರಬಾರದು. ಇಂಥ ಊರಿನಲ್ಲಿ, ಇಂಥ ಚುನಾವಣೆಗೆ ಎಂದು ದಾನಿ ಗುರುತು ಹಾಕಿ ಕೊಡುವಂತಿಲ್ಲ. ಒಂದೇ ಊರಿನಲ್ಲಿ ದುಡಿಯುವ ಸಣ್ಣ ಸಂಸ್ಥೆಗಳಿಗೆ ನೋಂದಣಿಗೆ ಹಣ ಹುಟ್ಟುವುದು ಕಷ್ಟವಾಗಿರುವುದಕ್ಕೆ ಇಂದಿಗೂ ಇದೊಂದು ದೊಡ್ಡ ಕಾರಣ.

ಈ ಕಟ್ಟುಪಾಡಿನ ಒಳಗೇ ಮೆಕ್ಸಿಕನ್ ಅಮೆರಿಕನ್ ಸಂಘಟಕ ವಿಲ್ಲಿ ವೆಲಾಸ್ಕೆಸ್ 1974ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ‘ಸೌತ್‌ವೆಸ್ಟ್ ವೋಟರ್ ರಿಜಿಸ್ಟ್ರೇಷನ್ ಎಜುಕೇಷನ್ ಪ್ರಾಜೆಕ್ಟ್’ ಕಟ್ಟಿದರು. ‘ಸು ವೋಟೊ ಎಸ್ ಸು ವೋಸ್’, ನಿಮ್ಮ ಮತವೇ ನಿಮ್ಮ ದನಿ, ಅದರ ಘೋಷಣೆ. ಅಭ್ಯರ್ಥಿಯ ಬದಲು ಜನರ ತಕರಾರನ್ನು ಹಿಡಿದು ಮಾತಾಡು ಎಂಬುದು ಅವರ ವಿಧಾನವಾಗಿತ್ತು: ಡಾಂಬರು ಕಾಣದ ಬೀದಿ, ಮಳೆ ಬಂದರೆ ತುಂಬುವ ಚರಂಡಿ, ಶಾಲೆ. ಇದರಿಂದ ಕಾನೂನಿಗೆ ತೊಡಕಿಲ್ಲ, ಜನಕ್ಕೂ ಮಾತು ಹತ್ತುತ್ತದೆ. ಬರೀ ಹೆಸರು ಬರೆಸಿದರೆ ಸಾಲದು, ಕ್ಷೇತ್ರದ ಗಡಿಯನ್ನೇ ಲ್ಯಾಟಿನೋ ಮತ ಒಡೆಯುವಂತೆ ಎಳೆದಿದ್ದರೆ ಆ ಮತಕ್ಕೆ ಬಲವಿಲ್ಲ ಎಂದು ಕಂಡುಕೊಂಡು, 1968ರಲ್ಲಿ ಹುಟ್ಟಿದ ಕಾನೂನು ನೆರವಿನ ಸಂಸ್ಥೆ ಮಾಲ್ಡೆಫ್ ಜತೆ ಸೇರಿ ಟೆಕ್ಸಾಸ್‌ನ ಕೌಂಟಿಗಳ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳ) ಮೇಲೆ ಸಾಲುಸಾಲು ಮೊಕದ್ದಮೆ ಹೂಡಿದರು. ಸಿ3 ಕೋರ್ಟಿಗೆ ಹೋಗುವುದಕ್ಕೆ ಯಾವ ಮಿತಿಯೂ ಇಲ್ಲ.

ಶಾಸನಕ್ಕಾಗಿ ಒತ್ತಾಯ ಮಾಡುವುದಕ್ಕೆ ಮಿತಿ ಇದೆ, ಆದರೆ ಸಣ್ಣ ಸಂಸ್ಥೆಗಳು ಹೆದರುವಷ್ಟು ಕಿರಿದಲ್ಲ. 5768 ಎಂಬ ಒಂದು ಪುಟ್ಟ ಫಾರಂ ತುಂಬಿ ಕಳಿಸಿದರೆ ಲೆಕ್ಕ ಸ್ಪಷ್ಟ: ವರ್ಷಕ್ಕೆ 5 ಲಕ್ಷ ಡಾಲರ್‌ವರೆಗೆ ಖರ್ಚಿರುವ ಸಂಸ್ಥೆ ಅದರ ಶೇ 20ನ್ನು, ಅಂದರೆ 1 ಲಕ್ಷ ಡಾಲರ್‌ವರೆಗೆ, ಮಸೂದೆಗಳ ಪರ ಅಥವಾ ವಿರುದ್ಧ ಲಾಬಿಗೆ ಬಳಸಬಹುದು. ‘ನಿಮ್ಮ ಶಾಸಕರಿಗೆ ಫೋನ್ ಮಾಡಿ’ ಎಂದು ಸಾರ್ವಜನಿಕರನ್ನು ಎಬ್ಬಿಸುವುದಕ್ಕೆ ಅದರಲ್ಲಿ ಕಾಲು ಭಾಗ. ಜನಮತಕ್ಕೆ ಹಾಕಿದ ಪ್ರಸ್ತಾವದ ಪರ ಮಾತಾಡುವುದೂ ಲಾಬಿಯೇ ಹೊರತು ಚುನಾವಣಾ ಪ್ರಚಾರವಲ್ಲ, ಯಾಕೆಂದರೆ ಅಲ್ಲಿ ಮತದಾರರೇ ಶಾಸಕರು. ವಲಸೆ ದಾಖಲೆಯಿಲ್ಲದ ವಿದ್ಯಾರ್ಥಿಗಳಿಗೂ ಕಾಲೇಜಿನಲ್ಲಿ ರಾಜ್ಯದವರ ಶುಲ್ಕವೇ ಸಾಕು ಎಂದು ಅರಿಜೋನಾದಲ್ಲಿ 2022ರಲ್ಲಿ ಗೆದ್ದ 308ನೇ ಪ್ರಸ್ತಾವದಂಥದ್ದರಲ್ಲಿ ಸಿ3ಗಳು ಬಹಿರಂಗವಾಗಿಯೇ ದುಡಿಯಬಹುದು.

ಅಭ್ಯರ್ಥಿಯನ್ನು ಬೆಂಬಲಿಸಲೇಬೇಕು ಎನ್ನುವವರು ‘ಸಿ4’ ಎಂಬ ಬೇರೆ ಸಂಸ್ಥೆ ಮಾಡಿಕೊಳ್ಳುತ್ತಾರೆ. ಅದಕ್ಕೆ ಕೊಟ್ಟ ದೇಣಿಗೆಗೆ ತೆರಿಗೆ ರಿಯಾಯಿತಿ ಇಲ್ಲ. ವೋಟೊ ಲ್ಯಾಟಿನೋ ಮತ್ತು ವೋಟೊ ಲ್ಯಾಟಿನೋ ಫೌಂಡೇಷನ್, ಮಿ ಫಮಿಲಿಯಾ ವೋಟಾ ಮತ್ತು ಅದರ ಎಜುಕೇಷನ್ ಫಂಡ್ ಹೀಗೆ ಜೋಡಿಯಾಗಿರುವಂಥವು. ಹೆಸರು ಹೆಚ್ಚುಕಮ್ಮಿ ಒಂದೇ, ಖಾತೆ ಮತ್ತು ಲೆಕ್ಕಪತ್ರ ಬೇರೆ. ಒಬ್ಬರೇ ನೌಕರರು ಎರಡಕ್ಕೂ ದುಡಿದರೆ ಯಾವ ಗಂಟೆ ಯಾವುದಕ್ಕೆ ಎಂದು ಬರೆದಿಡಬೇಕು. ಹೊರಗಿನವರ ಕಣ್ಣಿಗೆ ಇದು ಕಣ್ಕಟ್ಟಿನಂತೆ ಕಾಣುತ್ತದೆ. ಓದುಗರ ಅನುಮಾನಕ್ಕೆ ಎಲ್ಲಾದರೂ ಆಧಾರವಿದ್ದರೆ ಅದು ಇಲ್ಲಿಯೇ.

ಈಗ ಮೇಜಿನ ಕೆಲಸ. ಟೆಕ್ಸಾಸನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲ ಬಾರಿಯ ನೋಂದಣಿಯನ್ನು ಆನ್‌ಲೈನ್‌ನಲ್ಲೇ ಮುಗಿಸುವ ಸಾಮಾನ್ಯ ದಾರಿಯಿಲ್ಲ, ಕಾಗದವೇ ಗತಿ. ತುಂಬಿದ ಅರ್ಜಿಯನ್ನು ಇನ್ನೊಬ್ಬರಿಂದ ತೆಗೆದುಕೊಂಡು ಹೋಗಿ ಕೊಡಲು ಸ್ವಯಂಸೇವಕರು ಕೌಂಟಿಯಿಂದ ‘ವಾಲಂಟಿಯರ್ ಡೆಪ್ಯುಟಿ ರಿಜಿಸ್ಟ್ರಾರ್’ ಎಂಬ ನೇಮಕ ಪಡೆದಿರಬೇಕು. ಒಂದು ಕೌಂಟಿಯ ನೇಮಕ ಪಕ್ಕದ ಕೌಂಟಿಯ ನಿವಾಸಿಗೆ ನಡೆಯುವುದಿಲ್ಲ. ಸಮ ಸಂಖ್ಯೆಯ ವರ್ಷದ ಡಿಸೆಂಬರ್ 31ಕ್ಕೆ ನೇಮಕ ಮುಗಿಯುತ್ತದೆ. ಅರ್ಜಿ ಕೊಟ್ಟವರಿಗೆ ರಸೀದಿ ಹರಿದು ಕೊಡಬೇಕು, 5 ದಿನದೊಳಗೆ ಅರ್ಜಿ ಕಚೇರಿ ಸೇರಬೇಕು. ಚುನಾವಣೆಗೆ 30 ದಿನ ಇರುವಾಗ ನೋಂದಣಿ ಮುಗಿಯುತ್ತದೆ. ಫ್ಲಾರಿಡಾದಲ್ಲಿ 2023ರ ಕಾನೂನಿನ ಪ್ರಕಾರ ಗಡುವು 10 ದಿನ, ಆದರೆ ದಂಡ ಭಾರಿ: ತಡವಾದರೆ ಸಂಸ್ಥೆಗೆ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೂ ದಂಡ. ಹಿಸ್ಪಾನಿಕ್ ಫೆಡರೇಷನ್ ಎಂಬ ಲ್ಯಾಟಿನೋ ಸಂಸ್ಥೆ ಅದರ ವಿರುದ್ಧ ಕೋರ್ಟಿಗೆ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಮತದಾನದ ದಿನವೂ ನೋಂದಣಿ ಸಾಧ್ಯ. ಒಂದು ರಾಜ್ಯದ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತೊಯ್ದರೆ ಎಡವುವುದು ಖಂಡಿತ.

ಅರ್ಜಿ ತಿರಸ್ಕಾರವಾಗುವುದು ಚಿಲ್ಲರೆ ತಪ್ಪುಗಳಿಂದ. ಸಹಿ ಮರೆತಿರುತ್ತಾರೆ. ಹುಟ್ಟಿದ ದಿನಾಂಕದ ಜಾಗದಲ್ಲಿ ಅಂದಿನ ದಿನಾಂಕ ಬರೆದಿರುತ್ತಾರೆ. ‘ನಾಗರಿಕರೇ’ ಎಂಬ ಚೌಕ ಖಾಲಿ, ಅಪಾರ್ಟ್‌ಮೆಂಟ್ ಸಂಖ್ಯೆ ಇಲ್ಲ, ವಾಸದ ವಿಳಾಸದ ಬದಲು ಪೋಸ್ಟ್ ಬಾಕ್ಸ್. ಲ್ಯಾಟಿನೋಗಳಿಗೆ ಇದರ ಮೇಲೆ ಹೆಸರಿನ ಕಾಟ. ತಂದೆಯದೊಂದು, ತಾಯಿಯದೊಂದು ಎಂದು ಎರಡು ಮನೆತನದ ಹೆಸರು ಇಟ್ಟುಕೊಳ್ಳುತ್ತಾರೆ. ಲೈಸೆನ್ಸ್‌ನಲ್ಲಿ ಎರಡೂ, ಅರ್ಜಿಯಲ್ಲಿ ಒಂದೇ ಇದ್ದರೆ ಸರ್ಕಾರದ ಗಣಕದಲ್ಲಿ ತಾಳೆಯಾಗದೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. (ಇನಿಶಿಯಲ್ ಬಿಡಿಸಿ ಬರೆಯುವ ಪಾಡು ಪಟ್ಟ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ.) ಮದ್ದು ಸರಳ: ಲೈಸೆನ್ಸ್ ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ಹಾಗೇ ಬರೆಯಲು ಹೇಳಿ, ಅವರು ಎದುರಿಗಿದ್ದಾಗಲೇ ಅರ್ಜಿ ಓದಿ. ಹೋದ ಮೇಲೆ ಬಿಟ್ಟ ಜಾಗವನ್ನು ನೀವು ತುಂಬುವಂತಿಲ್ಲ.

ಅರ್ಜಿಗೆ ಪ್ರತಿಯಾಗಿ ಏನನ್ನೂ ಕೊಡಬೇಡಿ, ಒಂದು ಟ್ಯಾಕೋ ಕೂಪನ್ ಕೂಡ. ನೋಂದಣಿಗೆ ಹಣ ಕೊಡುವುದು, ಪಡೆಯುವುದು ಎರಡೂ ಫೆಡರಲ್ ಅಪರಾಧ. ಮೇಜಿನ ಬಳಿ ತಿಂಡಿ ಇದ್ದರೆ ಬಂದವರೆಲ್ಲರಿಗೂ ಇರಲಿ. ಕೂಲಿಯವರಿಗೆ ಅರ್ಜಿಯ ಲೆಕ್ಕದಲ್ಲಿ ಬಟವಾಡೆಯೂ ಬೇಡ. 2008ರಲ್ಲಿ ಎಕಾರ್ನ್ ಎಂಬ ದೊಡ್ಡ ಸಂಘಟನೆ ನೆವಾಡಾದಲ್ಲಿ ಪಾಳಿಯೊಂದಕ್ಕೆ 21 ಅರ್ಜಿ ತಂದವರಿಗೆ 5 ಡಾಲರ್ ಬೋನಸ್ ಕೊಡುತ್ತಿತ್ತು. ಬೇರೆ ಬೇರೆ ರಾಜ್ಯಗಳಲ್ಲಿ ಅದರ ಕೂಲಿಯವರು ತುಂಬಿದ ಸುಳ್ಳು ಅರ್ಜಿಗಳು ಸಿಕ್ಕಿಬಿದ್ದವು. ಬೋನಸ್ಸಿನ ಕೇಸಿನಲ್ಲಿ 2011ರಲ್ಲಿ ದಂಡವಾಯಿತು, ಅಷ್ಟರಲ್ಲಿ ಸಂಘಟನೆಯೇ ಮುಚ್ಚಿಹೋಗಿತ್ತು.

ಎಲ್ಲಕ್ಕಿಂತ ಅಪಾಯದ ತಪ್ಪು ಬೇರೆಯೇ ಇದೆ: ನಾಗರಿಕರಲ್ಲದವರಿಂದ ಸಹಿ ಹಾಕಿಸುವುದು. ಗ್ರೀನ್ ಕಾರ್ಡ್ ಇರುವವರಾಗಲಿ, ಎಚ್-1ಬಿಯಲ್ಲಿರುವವರಾಗಲಿ ‘ನಾಗರಿಕರೇ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಪೌರತ್ವದ ಸುಳ್ಳು ಹಕ್ಕು ಸಾಧಿಸಿದಂತಾಗಿ ಗಡೀಪಾರಿನವರೆಗೂ ಹೋಗಬಹುದು. ಯಾರೋ ಹೇಳಿದರು, ಹಾಕಿದೆ ಎಂಬುದು ಸಾಮಾನ್ಯವಾಗಿ ಸಮರ್ಥನೆಯಾಗಿ ನಿಲ್ಲದು. ಆದ್ದರಿಂದ ಒಳ್ಳೆಯ ಸ್ವಯಂಸೇವಕರ ಮೊದಲ ಮಾತು ‘ನೋಂದಣಿ ಆಗಿದೆಯೇ’ ಎಂದಲ್ಲ, ‘ನೀವು ಅಮೆರಿಕದ ನಾಗರಿಕರೇ’ ಎಂದು. ಅಲ್ಲ ಎಂದರೆ ಅರ್ಜಿ ಪಕ್ಕಕ್ಕಿಟ್ಟು ಪೌರತ್ವ ಶಿಬಿರದ ಚೀಟಿ ಕೊಡುತ್ತಾರೆ. ಗ್ರೀನ್ ಕಾರ್ಡ್ ಸಿಕ್ಕು 5 ವರ್ಷವಾದವರು, ನಾಗರಿಕರನ್ನು ಮದುವೆಯಾಗಿ ಜತೆಗಿದ್ದರೆ 3 ವರ್ಷಕ್ಕೆ, ಎನ್-400 ಅರ್ಜಿ ಹಾಕಬಹುದು. 2024ರ ಏಪ್ರಿಲ್‌ನಿಂದ ಅದರ ಶುಲ್ಕ ಆನ್‌ಲೈನ್‌ನಲ್ಲಿ 710 ಡಾಲರ್, ಕಾಗದದಲ್ಲಿ 760. ಆದಾಯ ಕಡಿಮೆ ಇದ್ದವರಿಗೆ 380. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪೌರನೀತಿ ಪರೀಕ್ಷೆಯೂ ಹೊಸದು: 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಾಗಬೇಕು. 50 ದಾಟಿ ಗ್ರೀನ್ ಕಾರ್ಡ್‌ನಲ್ಲಿ 20 ವರ್ಷ ಕಳೆದವರು, ಅಥವಾ 55 ದಾಟಿ 15 ವರ್ಷ ಕಳೆದವರು ಅದನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ಸ್ಪ್ಯಾನಿಷ್ ಮಾತಾಡುವ ಅಜ್ಜಿಯಂದಿರಿಗೆ ಶಿಬಿರಗಳಲ್ಲಿ ಮೊದಲು ತಿಳಿಸುವುದೇ ಇದನ್ನು. ಹಿಂದೆ ಪ್ರಮಾಣವಚನ ಸಮಾರಂಭದ ಬಾಗಿಲಲ್ಲೇ ಸಂಸ್ಥೆಗಳು ನೋಂದಣಿ ಮಾಡಿಸುತ್ತಿದ್ದವು. 2025ರ ಆಗಸ್ಟ್‌ನಲ್ಲಿ ವಲಸೆ ಇಲಾಖೆ ತನ್ನ ಸಮಾರಂಭಗಳಲ್ಲಿ ಅದನ್ನು ಚುನಾವಣಾ ಅಧಿಕಾರಿಗಳಿಗೆ ಮಾತ್ರ ಸೀಮಿತಗೊಳಿಸಿತು.

ಹೆಸರು ಸೇರಿತು ಎಂದರೆ ಮತ ಬಿತ್ತು ಎಂದಲ್ಲ. ಅಗ್ಗದ ದಾರಿಗಳು ಇಲ್ಲಿ ಕೈಕೊಡುತ್ತವೆ. 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ನಡೆದ ಪ್ರಯೋಗದಲ್ಲಿ ಮನೆಗೇ ಹೋಗಿ ಮಾತಾಡಿಸಿದ್ದು ಮತದಾನವನ್ನು ಸ್ಪಷ್ಟವಾಗಿ ಏರಿಸಿತು, ಗುತ್ತಿಗೆ ಕಾಲ್ ಸೆಂಟರಿನ ಕರೆಯಿಂದ ಏನೂ ಆಗಲಿಲ್ಲ. ನಲಿಯೋ ಎಂಬ ಲ್ಯಾಟಿನೋ ಸಂಸ್ಥೆಯ 2002ರ ಪ್ರಯೋಗದಲ್ಲಿ ಮೊದಲೇ ಧ್ವನಿಮುದ್ರಿಸಿದ ಕರೆ, ಅಂಚೆ ಪತ್ರ ಎರಡೂ ಕೆಲಸಕ್ಕೆ ಬರಲಿಲ್ಲ, ಸ್ವಯಂಸೇವಕರೇ ಮಾತಾಡಿದ ಕರೆ ಫಲ ಕೊಟ್ಟಿತು.

ಭಾಷೆಯ ವಿಷಯದಲ್ಲಿ ಕಾನೂನೇ ಆಸರೆ. ಮತದಾನ ಹಕ್ಕು ಕಾಯ್ದೆಗೆ 1975ರಲ್ಲಿ ಸೇರಿದ 203ನೇ ವಿಧಿಯ ಪ್ರಕಾರ, ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಕೌಂಟಿಯಲ್ಲಿ 10,000ಕ್ಕಿಂತ ಹೆಚ್ಚು ಅಥವಾ ಶೇ 5ಕ್ಕಿಂತ ಹೆಚ್ಚಿದ್ದು, ಅವರಲ್ಲಿ ಅನಕ್ಷರತೆ ದೇಶದ ಸರಾಸರಿಗಿಂತ ಜಾಸ್ತಿ ಇದ್ದರೆ, ಮತಪತ್ರದಿಂದ ಹಿಡಿದು ಎಲ್ಲವೂ ಆ ಭಾಷೆಯಲ್ಲಿ ಸಿಗಬೇಕು. 2021ರ ಪಟ್ಟಿಯಲ್ಲಿ ಇಂಥ 331 ಆಡಳಿತ ಘಟಕಗಳಿದ್ದವು, ಹೆಚ್ಚಿನವು ಸ್ಪ್ಯಾನಿಷ್‌ಗೆ. ಷಿಕಾಗೋದ ಕುಕ್ ಕೌಂಟಿಯಲ್ಲಿ ಹಿಂದಿ, ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬಂಗಾಳಿ ಮತಪತ್ರ ಬಂದದ್ದೂ ಇದೇ ವಿಧಿಯಿಂದ.

ಅಮೆರಿಕದ ಹಲವು ಕನ್ನಡ ಕೂಟಗಳೂ ಸಿ3 ವರ್ಗದಲ್ಲೇ ನೋಂದಾಯಿತ, ಹಾಗಾಗಿ ಮೇಲಿನದೆಲ್ಲ ಅವಕ್ಕೂ ಅನ್ವಯ. ರಾಜ್ಯೋತ್ಸವದ ಸಭಾಂಗಣದಲ್ಲಿ ನೋಂದಣಿ ಮೇಜು ಹಾಕಬಹುದು. ಅಭ್ಯರ್ಥಿಗಳ ಚರ್ಚೆ ಏರ್ಪಡಿಸಬಹುದು, ಆದರೆ ಕಣದಲ್ಲಿರುವ ಎಲ್ಲರಿಗೂ ಒಂದೇ ಆಹ್ವಾನ, ಒಂದೇ ಸಮಯ, ಒಂದೇ ವಿಷಯಕ್ಕೆ ಅಂಟಿಕೊಳ್ಳದ ಪ್ರಶ್ನೆಗಳು. ಭಾರತೀಯ ಮೂಲದ ಅಭ್ಯರ್ಥಿಯನ್ನು ‘ನಮ್ಮವರು’ ಎಂದು ಕರೆದು ಶಾಲು ಹೊದಿಸಿ, ಅವರ ಕೈಗೆ ಮಾತ್ರ ಮೈಕು ಕೊಟ್ಟರೆ ಗೆರೆ ದಾಟಿದಂತೆ. ಕೂಟದ ಅಧ್ಯಕ್ಷರು ತಮ್ಮ ಮನೆಯ ಅಂಗಳದಲ್ಲಿ, ತಮ್ಮ ಸ್ವಂತ ಹೆಸರಿನಲ್ಲಿ ಯಾರ ಫಲಕ ನೆಟ್ಟರೂ ಅಡ್ಡಿಯಿಲ್ಲ. ಅದರ ಸುದ್ದಿ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರಬಾರದು.